ಬೋರ್ಡ್ ಬದಲಾಯಿತು, ವಿಂಡೋಸ್ ಏಳಲಿಲ್ಲ: ಫಾರ್ಮ್ಯಾಟ್ ಮಾಡದೇ ಎಬ್ಬಿಸಿದ ನನ್ನ ಅನುಭವ

ಕಂಪ್ಯೂಟರಿನ ಮದರ್‌ಬೋರ್ಡ್ ಬದಲಾಯಿಸಿದರೆ ವಿಂಡೋಸ್ ಹೊಸದಾಗಿ ಹಾಕಲೇಬೇಕು ಅಂತ ನಮ್ಮ ರಿಪೇರಿ ಲೈನಿನಲ್ಲಿ ಎಲ್ಲರೂ ಹೇಳುತ್ತಾರೆ. ಗದಗಿನಲ್ಲಿ ನನಗೂ ಅದನ್ನೇ ಹೇಳಿದರು. ಹುಬ್ಬಳ್ಳಿಯಲ್ಲಿ ಪಾರ್ಟ್ಸ್ ಕೊಡುವವರೂ ಅದನ್ನೇ ಹೇಳಿದರು. "ಫಾರ್ಮ್ಯಾಟ್ ಹೊಡದು ಬಿಡ್ರಿ, ನಾಕನೂರು ರೂಪಾಯಿ ಕೆಲಸಕ್ಕ ಯಾಕ ತಲಿ ಕೆಡಿಸ್ಕೊಳ್ತೀರಿ" ಅಂತ ಒಬ್ಬ ಗೆಳೆಯ ನಕ್ಕಿದ್ದ. ನಾನು ಎಬ್ಬಿಸಿದ ಮಷಿನ್ ಈಗ ಹಳೆಯ ವಿಂಡೋಸ್‌ನಲ್ಲೇ, ಹೊಸ ಬೋರ್ಡ್ ಮೇಲೆ, ತಿಂಗಳುಗಳಿಂದ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಷಿನ್ ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನದು. ಎಚ್61 ಬೋರ್ಡ್, ಮೂರನೇ ತಲೆಮಾರಿನ ಐ3, 4 ಜಿಬಿ ಡಿಡಿಆರ್3, 500 ಜಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ 7 ಇತ್ತು. 2015ರಲ್ಲಿ ಪುಕ್ಕಟೆ ಅಪ್‌ಗ್ರೇಡ್ ಬಂದಾಗ ಅದರ ಮೇಲೇ ವಿಂಡೋಸ್ 10 ಹಾಕಿಸಿಕೊಂಡಿದ್ದರು, 64 ಬಿಟ್. ಅದರೊಳಗೆ ಪುಟ ಜೋಡಿಸುವ ಪೇಜ್‌ಮೇಕರ್ 7, ಹಳೆಯ ಕೋರೆಲ್, ಯುನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟುಗಳ ರಾಶಿ, ಲಾಕ್ ಇರುವ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್. ಯಾವುದರ ಸಿಡಿಯೂ ಇಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿದೆ. ಹತ್ತು ವರ್ಷದ ಮದುವೆ ಕಾರ್ಡು, ನೋಟ್‌ಬುಕ್ ರಟ್ಟು, ರಸೀದಿ ಪುಸ್ತಕ ಎಲ್ಲ ಆ ಫಾಂಟುಗಳಲ್ಲೇ ಇವೆ. ಫಾರ್ಮ್ಯಾಟ್ ಅಂದರೆ ಪ್ರೆಸ್ ಬಂದ್ ಮಾಡಿದ ಹಾಗೇ. ಈ ಕಥೆ ಗೊತ್ತಿಲ್ಲದವರಿಗೆ ಅದು ನಾಲ್ಕುನೂರು ರೂಪಾಯಿ ಕೆಲಸ.

ಹಳೆಯ ಬೋರ್ಡ್‌ನಲ್ಲಿ ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳು ಉಬ್ಬಿದ್ದವು. ಬದಲಾಯಿಸಿದೆ, ಎದ್ದಿತು, ವಾರದೊಳಗೆ ಮತ್ತೆ ಹೋಯಿತು. ಹಾಗಾಗಿ ಸುಲಭದ ದಾರಿ ಹಿಡಿದೆ. ಅದೇ ಎಚ್61, ರಿಫರ್ಬಿಶ್ ಬೋರ್ಡ್, ಸುಮಾರು 2,200 ರೂಪಾಯಿ, ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದೆ. ಹಾಕಿ ಆನ್ ಮಾಡಿದರೆ ನೀಲಿ ಪರದೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್, ಅಂದರೆ ವಿಂಡೋಸ್‌ಗೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಅನ್ನುವ ನಮ್ಮ 7ಬಿ ಎರರ್. ಹಳೆಯ ಬೋರ್ಡ್‌ನಲ್ಲಿ ಸಾಟಾ (ಡಿಸ್ಕ್ ಜೋಡಣೆ) ಹಳೆಯ ಪದ್ಧತಿಯ ಐಡಿಇ ಮೋಡ್‌ನಲ್ಲಿತ್ತು, ಇದು ಹೊಸ ಪದ್ಧತಿಯಾದ ಎಎಚ್‌ಸಿಐನಲ್ಲಿ ಬಂದಿತ್ತು. ಬಯೋಸ್‌ನಲ್ಲಿ (ಬೋರ್ಡಿನ ಸೆಟಿಂಗ್ಸ್) ಐಡಿಇ ಮಾಡಿದ ಕೂಡಲೇ ಬೂಟ್ ಆಯಿತು. ಮಾಲೀಕರು ಖುಷಿ, ನಾನೂ ಖುಷಿ. ಎರಡು ಮೂರು ವಾರ ಆಗುವಷ್ಟರಲ್ಲಿ ನೆಟ್‌ವರ್ಕ್ ಪೋರ್ಟ್ ಸತ್ತಿತು, ಆಮೇಲೆ ಒಂದು ರ್‍ಯಾಮ್ ಸ್ಲಾಟ್, ಆಮೇಲೆ ಬೋರ್ಡೇ ಮಲಗಿತು. ವಾರಂಟಿ ಕೇಳಿದರೆ "ನಿಮ್ಮ ಕಡೆ ಕರೆಂಟ್ ಸರಿ ಇಲ್ಲ" ಅಂದರು. ಆ ದುಡ್ಡು ನನ್ನ ಕೈಯಿಂದಲೇ ಹೋಯಿತು. ಅವತ್ತಿನಿಂದ ರಿಫರ್ಬಿಶ್ ಎಚ್61 ಮುಟ್ಟುವುದಿಲ್ಲ ಅಂತ ತೀರ್ಮಾನಿಸಿದೆ.

ಹೊಸದೇ ಹಾಕೋಣ ಅಂತಾಯಿತು. ಐ3 12100, ಎಚ್610 ಬೋರ್ಡ್, 8 ಜಿಬಿ ಡಿಡಿಆರ್4. ಅವತ್ತಿನ ರೇಟಿನಲ್ಲಿ ಪ್ರೊಸೆಸರ್ ಒಂಬತ್ತೂವರೆ ಸಾವಿರದ ಹತ್ತಿರ, ಬೋರ್ಡ್ ಆರು, ರ್‍ಯಾಮ್ ಸಾವಿರದ ಏಳುನೂರೋ ಏನೋ. ಬೆಂಗಳೂರು ಎಸ್‌ಪಿ ರೋಡ್‌ನಿಂದ ತರಿಸಿದ್ದು. ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರ್ ಸಾವಿರ ಕಡಿಮೆಗೆ ಸಿಗುತ್ತದೆ ಅಂತ ಆಸೆ ತೋರಿಸಿದರು. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ವಿಜಿಎಗೆ ವೈರ್ ಹಾಕಿ ಕುಳಿತರೆ ಕಪ್ಪು ಪರದೆಯೇ ಗತಿ. ಇದೇ ಕಾರಣಕ್ಕೆ "ಹೊಸ ಬೋರ್ಡ್ ಡೆಡ್" ಅಂತ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. 13 ಅಥವಾ 14ನೇ ತಲೆಮಾರಿನ ಚಿಪ್ ಕೊಳ್ಳುವವರು ಬೋರ್ಡಿನ ಬಯೋಸ್ ವರ್ಷನ್ ನೋಡಿಕೊಳ್ಳಿ. ಹಳೆಯ ಸ್ಟಾಕ್ ಎಚ್610ಕ್ಕೆ ಆ ಚಿಪ್ ಗುರುತೇ ಸಿಗುವುದಿಲ್ಲ.

ಕ್ಯಾಬಿನೆಟ್ ಒಳಗೆ ನೇರ ಜೋಡಿಸುವ ಅಭ್ಯಾಸ ನನಗಿಲ್ಲ. ಬೋರ್ಡಿನ ರಟ್ಟಿನ ಡಬ್ಬಿ ಮೇಲೇ ಇಟ್ಟು ಪ್ರೊಸೆಸರ್, ಫ್ಯಾನ್, ಒಂದೇ ರ್‍ಯಾಮ್ ಹಾಕಿ, ಸ್ಕ್ರೂಡ್ರೈವರ್‌ನಿಂದ ಪವರ್ ಪಿನ್ ಮುಟ್ಟಿಸಿ ನೋಡುತ್ತೇನೆ. ಹಳೆಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿದಾಗ ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬರಲಿಲ್ಲ. ಒಮ್ಮೊಮ್ಮೆ ಲೋಗೊ ಬಂದು ರೀಸ್ಟಾರ್ಟ್ ಆಗುತ್ತಿತ್ತು. ಹಸಿರು ವೈರು ಕಪ್ಪು ವೈರು ಕೂಡಿಸಿ ನೋಡುವ ಟೆಸ್ಟ್‌ನಲ್ಲಿ ಎಸ್‌ಎಂಪಿಎಸ್ ಪಾಸ್. ಖಾಲಿ ಇದ್ದಾಗ 12 ವೋಲ್ಟ್ ಲೈನಿನಲ್ಲಿ 12.1 ತೋರಿಸುತ್ತದೆ. ಬೋರ್ಡ್ ಹಾಕಿ ಅಳೆದರೆ 11.2ಕ್ಕೆ ಇಳಿಯುತ್ತಿತ್ತು. ಎಟಿಎಕ್ಸ್ (ಪವರ್ ಸಪ್ಲೈ ಮಾನದಂಡ) ಲೆಕ್ಕದಲ್ಲಿ ಐದು ಪರ್ಸೆಂಟ್ ಮಾತ್ರ ಮಾಫಿ, ಅಂದರೆ 11.4ಕ್ಕಿಂತ ಕೆಳಗೆ ಹೋಗಬಾರದು. ಮೇಲೆ 450 ವಾಟ್ ಅಂತ ಬರೆದಿತ್ತು, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಅದರಲ್ಲಿ ಪ್ರೊಸೆಸರ್‌ಗೆ ಹೋಗುವುದು ನಾಲ್ಕೇ ಪಿನ್, ಬೋರ್ಡ್‌ನಲ್ಲಿ ಎಂಟರ ಸಾಕೆಟ್. ಹೊಸ ಎಸ್‌ಎಂಪಿಎಸ್‌ಗೆ 2,300 ಕೊಟ್ಟೆ. ಡಿಸ್‌ಪ್ಲೇ ಬಂತು. ಮೊದಲ ಸಲ ರ್‍ಯಾಮ್ ಹೊಂದಿಸಿಕೊಳ್ಳಲು ಅರ್ಧ ನಿಮಿಷದ ಮೇಲೆ ತೆಗೆದುಕೊಂಡಿತು, ಅಷ್ಟರಲ್ಲಿ ಆಫ್ ಮಾಡಬಾರದು.

ಹಳೆಯ ಡಿಸ್ಕ್ ಹಾಕಿದೆ. ಬಯೋಸ್‌ನ ಸ್ಟೋರೇಜ್ ಪುಟದಲ್ಲಿ ಡಿಸ್ಕಿನ ಹೆಸರು, ಸೈಜು ಎಲ್ಲ ಇದೆ. ಬೂಟ್ ಪಟ್ಟಿಯಲ್ಲಿ ಮಾತ್ರ ಇಲ್ಲ. ಇಲ್ಲೇ ಎಲ್ಲರೂ ಕೈಬಿಡುವುದು. ಒಬ್ಬರು ಡಿಸ್ಕ್ ಹೋಗಿದೆ ಅಂತಾರೆ, ಇನ್ನೊಬ್ಬರು ಬೋರ್ಡ್ ಹೊಂದುತ್ತಿಲ್ಲ ಅಂತಾರೆ. ಲಿನಕ್ಸ್ ಮಿಂಟ್ ಪೆನ್‌ಡ್ರೈವ್ ಹಾಕಿದೆ, ಚಕಾಚಕ್ ಬೂಟ್ ಆಯಿತು, ಡಿಸ್ಕಿನ ಫೈಲ್‌ಗಳೆಲ್ಲ ತೆರೆದವು. ಹಾರ್ಡ್‌ವೇರ್ ಸರಿ ಇದೆ ಅಂತ ಅಲ್ಲಿಗೆ ಮುಗಿಯಿತು. ಡಿಸ್ಕ್ ಎಂಬಿಆರ್ (ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ), ಬೂಟ್ ಹಳೆಯ ಲೆಗಸಿ ಬಗೆಯದು; ಹೊಸ ಬಗೆಗೆ ಯುಇಎಫ್ಐ ಅಂತಾರೆ. ಇಂಟೆಲ್ 500 ಸೀರೀಸ್‌ನಿಂದ ಈಚೆಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಲೆಗಸಿ ಬೂಟ್ ಇಲ್ಲ. ಬಯೋಸ್‌ನಲ್ಲಿ ಹಳೆಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಹುಡುಕಿದರೆ ಆ ಸಾಲೇ ಕಾಣುವುದಿಲ್ಲ.

ಇಲ್ಲಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಜಿಟಿ 710 ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಈ ಬೋರ್ಡ್‌ನಲ್ಲಿ ಸಿಎಸ್‌ಎಂ ಸಾಲು ಪ್ರತ್ಯಕ್ಷ! ಆನ್ ಮಾಡಿದೆ, ವಿಂಡೋಸ್ ಲೋಗೊ ಬಂತು, ಚುಕ್ಕಿ ಎರಡು ಸುತ್ತು ತಿರುಗಿತು, ಮತ್ತೆ 7ಬಿ. ನನಗೆ ಬೇಜಾರಾಗಲಿಲ್ಲ, ಲೆಕ್ಕ ಸಿಕ್ಕಿತು. ಬಾಗಿಲಿಗೆ ಎರಡು ಬೀಗ ಇವೆ. ಒಂದು ಬೂಟ್ ಮೋಡ್, ಇನ್ನೊಂದು ಸಾಟಾ ಡ್ರೈವರ್. ಈ ಬೋರ್ಡ್‌ನಲ್ಲಿ ಐಡಿಇ ಮೋಡ್ ಇಲ್ಲವೇ ಇಲ್ಲ, ಹಾಗಾಗಿ ಹಿಂದಿನ ಸಲದ ಉಪಾಯ ನಡೆಯುವುದಿಲ್ಲ. ಕಾರ್ಡ್ ಅಲ್ಲೇ ಬಿಟ್ಟು ಡ್ರೈವರ್ ಮಾತ್ರ ಸರಿ ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾಳೆ ಕಾರ್ಡ್ ಕೆಟ್ಟರೆ ಮತ್ತೆ ಅದೇ ಗೋಳು, ಅಲ್ವಾ?

ಎಂಬಿಆರ್ ಡಿಸ್ಕನ್ನು ಡೇಟಾ ಅಳಿಸದೇ ಯುಇಎಫ್ಐಗೆ ಬೇಕಾದ ಜಿಪಿಟಿ ಮಾಡುವ ಎಂಬಿಆರ್2ಜಿಪಿಟಿ ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ವಿಂಡೋಸ್ 10ರ 1703 ವರ್ಷನ್‌ನಿಂದ ಜೊತೆಗೇ ಬರುತ್ತದೆ. ಇನ್‌ಸ್ಟಾಲ್ ಪೆನ್‌ಡ್ರೈವ್‌ನಲ್ಲಿ ಶಿಫ್ಟ್ ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್‌ನಲ್ಲಿ ವ್ಯಾಲಿಡೇಟ್ (ಆಗುತ್ತದೋ ಇಲ್ಲವೋ ಪರೀಕ್ಷೆ) ಕೊಟ್ಟೆ. ಫೇಲ್. ಕಾರಣ ನಮ್ಮ ಊರುಗಳ ಹಳೆಯ ಪದ್ಧತಿ: ಅಸೆಂಬಲ್ ಮಾಡಿದವರು ಸಿ, ಡಿ, ಇ, ಎಫ್ ಅಂತ ನಾಲ್ಕು ಡ್ರೈವ್ ಮಾಡಿ ಕೊಟ್ಟಿರುತ್ತಾರೆ. ಡಿ, ಇ, ಎಫ್ ಮೂರೂ ಎಕ್ಸ್‌ಟೆಂಡೆಡ್ ಒಳಗಿನ ಲಾಜಿಕಲ್ ಪಾರ್ಟಿಷನ್. ಎಂಬಿಆರ್2ಜಿಪಿಟಿಗೆ ಮೂರು ಪ್ರೈಮರಿವರೆಗೆ ಸರಿ, ಲಾಜಿಕಲ್ ಒಂದೂ ಇರಬಾರದು. ಬಹಳ ಜನ ಇಲ್ಲಿಂದ ಫಾರ್ಮ್ಯಾಟ್‌ಗೆ ವಾಪಸ್ ಹೋಗುತ್ತಾರೆ.

ಮೂಲ ಡಿಸ್ಕನ್ನು ನಾನು ಮುಟ್ಟಲೇ ಇಲ್ಲ. 256 ಜಿಬಿ ಸಾಟಾ ಎಸ್‌ಎಸ್‌ಡಿ ತಂದೆ, ಸಾವಿರದ ಏಳುನೂರರ ಸುಮಾರು. ಪಾರ್ಟಿಷನ್ ಮಾಡುವ ಜಿಪಾರ್ಟೆಡ್‌ನಲ್ಲಿ ಹೊಸ ಎಂಬಿಆರ್ ಟೇಬಲ್ ಬರೆದು, ಸಿಸ್ಟಂ ರಿಸರ್ವ್ಡ್ (ಬೂಟ್ ಫೈಲ್‌ಗಳ ಸಣ್ಣ ಪಾರ್ಟಿಷನ್) ಮತ್ತು ಸಿ ಎರಡನ್ನು ಮಾತ್ರ ಕಾಪಿ ಮಾಡಿ, ಮೊದಲನೆಯದಕ್ಕೆ ಬೂಟ್ ಫ್ಲ್ಯಾಗ್ ಹಾಕಿದೆ. ಡಿ, ಇ, ಎಫ್ ಹಳೆಯ ಡಿಸ್ಕಿನಲ್ಲೇ ಇರಲಿ. ಬರೀ ಡೇಟಾ ಡಿಸ್ಕ್ ಎಂಬಿಆರ್ ಆಗಿದ್ದರೆ ಯುಇಎಫ್ಐಗೆ ಏನೂ ತಕರಾರಿಲ್ಲ. ಕಾಪಿ ಮಾಡುವಾಗ ವಿಂಡೋಸ್ ಪೂರ್ತಿ ಆಫ್ ಆಗದೇ ನಿದ್ದೆ ಹೋಗುವ ಫಾಸ್ಟ್ ಸ್ಟಾರ್ಟಪ್ ಕಾಟ ಕೊಟ್ಟಿತು. ಬೋರ್ಡ್ ಸಾಯುವಾಗ ವಿಂಡೋಸ್ ಅರ್ಧ ನಿದ್ದೆಯಲ್ಲಿತ್ತು, ಎನ್‌ಟಿಎಫ್‌ಎಸ್ (ಡಿಸ್ಕಿನ ಫೈಲ್ ವ್ಯವಸ್ಥೆ) ಮುಚ್ಚಿಯೇ ಇರಲಿಲ್ಲ. ಡಿಸ್ಕಿನ ಪೂರ್ತಿ ಇಮೇಜ್ (ಇದ್ದ ಹಾಗೇ ನಕಲು) ಒಂದು ತೆಗೆದು ಬೇರೆ ಕಡೆ ಇಟ್ಟುಕೊಂಡು, ಅದರಿಂದ ಮುಂದುವರಿದೆ. ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಯಾಕಲ್ಲ ಅಂತ ಕೇಳಬಹುದು. ಆ ವಿಂಡೋಸ್ ಜನ್ಮದಲ್ಲಿ ಎನ್‌ವಿಎಂಇ ಕಂಡಿಲ್ಲ. ಒಂದು ಸಲಕ್ಕೆ ಒಂದೇ ಡ್ರೈವರ್ ಜೊತೆ ಜಗಳ ಸಾಕು.

ಈಗ ವ್ಯಾಲಿಡೇಟ್ ಕೊಟ್ಟರೆ ಬೇರೆ ತಕರಾರು: ಓಎಸ್ ಪಾರ್ಟಿಷನ್ ಸಿಗುತ್ತಿಲ್ಲ. ಬಿಸಿಡಿ (ವಿಂಡೋಸ್ ಎಲ್ಲಿದೆ ಅಂತ ಬರೆದಿಟ್ಟ ಬೂಟ್ ಫೈಲ್) ಒಳಗೆ ಹಳೆಯ ಡಿಸ್ಕಿನ ಸಿಗ್ನೇಚರ್ (ಗುರುತಿನ ಸಂಖ್ಯೆ) ಇತ್ತು, ಎಸ್‌ಎಸ್‌ಡಿಯ ಸಿಗ್ನೇಚರ್ ಬೇರೆ. ಹಳೆಯ ಡಿಸ್ಕ್ ಬಿಚ್ಚಿಟ್ಟು, ಡಿಸ್ಕ್‌ಪಾರ್ಟ್‌ನಲ್ಲಿ ಅಕ್ಷರ ಕೊಟ್ಟು, ಬಿಸಿಡಿಬೂಟ್‌ನಿಂದ ಮೊದಲು ಬಯೋಸ್ ಮಾದರಿಯ ಬೂಟ್ ಫೈಲ್‌ಗಳನ್ನೇ ಹೊಸದಾಗಿ ಬರೆಸಿದೆ. ಯುಇಎಫ್ಐಗೆ ಹೋಗುವವನು ಬಯೋಸ್ ಫೈಲ್ ಯಾಕೆ ಬರೆಯುತ್ತಾನೆ ಅಂತ ಗೆಳೆಯ ಮತ್ತೆ ನಕ್ಕ. ಎಂಬಿಆರ್2ಜಿಪಿಟಿ ಆ ಬಿಸಿಡಿ ಓದಿಯೇ ವಿಂಡೋಸ್ ಎಲ್ಲಿದೆ ಅಂತ ತಿಳಿಯುವುದು. ವ್ಯಾಲಿಡೇಟ್ ಪಾಸ್. ಕನ್ವರ್ಟ್ ಕೊಟ್ಟೆ, ಒಂದು ನಿಮಿಷವೂ ಹಿಡಿಯಲಿಲ್ಲ. ಇಎಫ್ಐ ಪಾರ್ಟಿಷನ್ ಅದೇ ಮಾಡಿಕೊಂಡಿತು. ಬಯೋಸ್‌ಗೆ ಹೋದರೆ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಸಾಲು ಬಂದಿತ್ತು. ನಕ್ಕವನಿಗೆ ಫೋಟೊ ಕಳಿಸಿದೆ.

ಎರಡನೇ ಬೀಗಕ್ಕೆ ರೆಜಿಸ್ಟ್ರಿ (ವಿಂಡೋಸ್‌ನ ಸೆಟಿಂಗ್ಸ್ ಭಂಡಾರ). ಪೆನ್‌ಡ್ರೈವ್‌ನ ಕಮಾಂಡ್ ಪ್ರಾಂಪ್ಟ್‌ನಿಂದ ಸಿಸ್ಟಂ ಹೈವ್ (ರೆಜಿಸ್ಟ್ರಿಯ ಫೈಲ್) ಲೋಡ್ ಮಾಡಿ, ಕಂಟ್ರೋಲ್‌ಸೆಟ್001, ಸರ್ವೀಸಸ್, ಎಎಚ್‌ಸಿಐ ಡ್ರೈವರ್ ಆದ ಸ್ಟೋರ್‌ಎಎಚ್‌ಸಿಐಗೆ ಹೋದೆ. ಅಲ್ಲಿ ಸ್ಟಾರ್ಟ್ ಸರಿ ಇದ್ದರೂ ಕೆಳಗೆ ಸ್ಟಾರ್ಟ್‌ಓವರ್‌ರೈಡ್ ಅಂತ ಒಂದು ಕೀ ಇರುತ್ತದೆ, ಅದರಲ್ಲಿ 3 ಇತ್ತು, ಅಂದರೆ ಬೂಟ್ ಹೊತ್ತಿಗೆ ಡ್ರೈವರ್ ಏಳುವುದಿಲ್ಲ. 0 ಮಾಡಿದೆ. ಬಹಳ ಮಂದಿ ಮೇಲಿನ ಸ್ಟಾರ್ಟ್ ಮಾತ್ರ ನೋಡಿ ಬಿಡುತ್ತಾರೆ. ಅದೇ ಹೈವ್‌ನಲ್ಲಿ ಡ್ರೈವ್ ಅಕ್ಷರಗಳ ಪಟ್ಟಿಯಾದ ಮೌಂಟೆಡ್ ಡಿವೈಸಸ್‌ಗೆ ಹೋಗಿ ಸಿ ಸಾಲು ಒಂದನ್ನೇ ಅಳಿಸಿದೆ. ಅಳಿಸದಿದ್ದರೆ ಹಳೆಯ ಡಿಸ್ಕ್ ಜೋಡಿಸಿದ ದಿನ ಅದರ ಸಿ "ನಾನೇ ಸಿ" ಅಂತ ಬರುತ್ತದೆ, ವಿಂಡೋಸ್ ಬೇರೆ ಅಕ್ಷರ ಹಿಡಿದು ಲಾಗಿನ್‌ನಲ್ಲೇ ನಿಲ್ಲುತ್ತದೆ. ಡಿ, ಇ, ಎಫ್ ಸಾಲುಗಳನ್ನು ಬಿಟ್ಟೆ. ಪೇಜ್‌ಮೇಕರ್ ಫೈಲ್‌ಗಳ ಚಿತ್ರಗಳೆಲ್ಲ ಡಿ ಡ್ರೈವ್‌ಗೆ ಲಿಂಕ್ ಆಗಿವೆ, ಆ ಅಕ್ಷರ ತಪ್ಪಿದರೆ ಒಂದೊಂದೇ ಹುಡುಕಿ ಜೋಡಿಸಬೇಕು.

ಮೊದಲ ಬೂಟ್ ಹಳೆಯ ಡಿಸ್ಕ್ ಇಲ್ಲದೇ ಮಾಡಿದೆ. ಚುಕ್ಕಿ ತಿರುಗಿತು, "ಡಿವೈಸ್‌ಗಳು ಸಿದ್ಧವಾಗುತ್ತಿವೆ" ಅಂತ ಬಹಳ ಹೊತ್ತು ನಿಂತಿತು, ಒಮ್ಮೆ ತಾನೇ ರೀಸ್ಟಾರ್ಟ್ ಆಯಿತು, ಪ್ರೆಸ್ಸಿನವರ ಗಣಪತಿ ವಾಲ್‌ಪೇಪರ್ ಬಂತು. ನೆಟ್‌ವರ್ಕ್ ಡ್ರೈವರ್ ಇರಲಿಲ್ಲ. ಫೋನಿನ ಯುಎಸ್‌ಬಿ ಟೆದರಿಂಗ್‌ಗೆ ಡ್ರೈವರ್ ಬೇಡ, ಅದರಿಂದ ಉಳಿದದ್ದೆಲ್ಲ ಇಳಿಸಿಕೊಂಡೆ. ಆಮೇಲೆ ಹಳೆಯ ಡಿಸ್ಕ್ ಜೋಡಿಸಿದೆ. ಡಿ, ಇ, ಎಫ್ ಅವವೇ ಜಾಗದಲ್ಲಿ ಕುಳಿತವು.

ಬಿಲ್ಲಿಂಗ್ ಸಾಫ್ಟ್‌ವೇರ್ ಬೋರ್ಡ್ ಬದಲಾದದ್ದು ಗುರುತಿಸಿ ಮುಷ್ಕರ ಹೂಡಿತು. ಅದನ್ನು ಹೇಗೆ ಒಪ್ಪಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ. ಹೈಬರ್ನೇಟ್ ಆದ ಡಿಸ್ಕಿನಿಂದ ಕಾಪಿ ತೆಗೆದ ಕ್ರಮವನ್ನೂ ಪೂರ್ತಿ ಹೇಳಿಲ್ಲ, ಗಮನಿಸಿರುತ್ತೀರಿ.

ಮಧ್ಯೆ ಪ್ರೆಸ್ ನಿಲ್ಲಬಾರದು ಅಂತ ಇನ್ನೊಂದು ಕೆಲಸ ಮಾಡಿದ್ದೆ. ಆ ಇಮೇಜನ್ನೇ ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ, ಕಂಟ್ರೋಲರ್ ಐಡಿಇ ಇಟ್ಟು, ನನ್ನ ಲ್ಯಾಪ್‌ಟಾಪ್ ಮೇಲೆ ಬೂಟ್ ಮಾಡಿದೆ. ಎರಡು ಬೀಗವೂ ಅಲ್ಲಿ ಇಲ್ಲ, ಸಲೀಸಾಗಿ ಎದ್ದಿತು. ಮದುವೆ ಕಾರ್ಡುಗಳ ಪಿಡಿಎಫ್ ಅದರಿಂದಲೇ ಹೊರಟವು. ನಿಧಾನ, ಆದರೆ ಸೀಸನ್‌ನಲ್ಲಿ ಮಾಲೀಕರ ಮರ್ಯಾದೆ ಉಳಿಯಿತು. ಪ್ರಿಂಟರ್ ಮಾತ್ರ ಅಲ್ಲಿಂದ ಎಷ್ಟು ಮಾಡಿದರೂ ನಡೆಯಲಿಲ್ಲ.

ಒಟ್ಟು ಸಾಮಾನು ಇಪ್ಪತ್ತೊಂದು ಸಾವಿರದ ಆಸುಪಾಸು. ನನ್ನ ಕೂಲಿ 2,500 ಹೇಳಿದೆ, ಚೌಕಾಸಿ ಇಲ್ಲದೇ ಕೊಟ್ಟರು. ರಿಫರ್ಬಿಶ್ ಬೋರ್ಡಿನದು ಕಳೆದರೆ ಕೈಗೆ ಉಳಿದದ್ದು ಊಟದ ದುಡ್ಡು. ವಿಂಡೋಸ್‌ನ ಪುಕ್ಕಟೆ ಲೈಸೆನ್ಸ್ ಹಳೆಯ ಬೋರ್ಡ್ ಜೊತೆಗೇ ಹೋಯಿತು, ಆಕ್ಟಿವೇಶನ್ ಆಗಲಿಲ್ಲ, ಹೊಸದು ಕೊಂಡರು. ಡಿಸ್ಕ್ ಈಗ ಜಿಪಿಟಿ, ಬೋರ್ಡ್ ಯುಇಎಫ್ಐ, ವಿಂಡೋಸ್ 11 ಕೇಳುವ ಟಿಪಿಎಂ (ಭದ್ರತೆಯ ಭಾಗ) ಪ್ರೊಸೆಸರ್‌ನಲ್ಲೇ ಇದೆ. 2025ರ ಅಕ್ಟೋಬರ್‌ಗೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಆದರೆ ಇದ್ದ ವಿಂಡೋಸ್ ಮೇಲೇ 11ಕ್ಕೆ ಅಪ್‌ಗ್ರೇಡ್ ಮಾಡಲು ಅಡ್ಡಿ ಏನೂ ಇಲ್ಲ. ಪೇಜ್‌ಮೇಕರ್ ಅಲ್ಲಿ ಹೇಗೆ ನಡೆಯುತ್ತದೆ ಅಂತ ವರ್ಚುವಲ್‌ಬಾಕ್ಸ್‌ನ ಒಂದು ಕಾಪಿ ಮೇಲೆ ನೋಡುತ್ತಿದ್ದೇನೆ.

ಇದೇ ಕೆಲಸ ಹುಡುಕಿಕೊಂಡು ಈಗ ಇನ್ನೊಂದು ಪ್ರೆಸ್ಸಿನವರು ಡಿಸ್ಕ್ ತಂದಿದ್ದಾರೆ. ಅದು 32 ಬಿಟ್ ವಿಂಡೋಸ್. 64 ಬಿಟ್ ಯುಇಎಫ್ಐ ಮೇಲೆ ಅದು ಬೂಟ್ ಆಗುವುದಿಲ್ಲ, ಎಂಬಿಆರ್2ಜಿಪಿಟಿಯಿಂದಲೂ ಉಪಯೋಗವಿಲ್ಲ. ಅವರಿಗೆ ವರ್ಚುವಲ್‌ಬಾಕ್ಸೇ ಒಳ್ಳೆಯ ದಾರಿ ಅಂತ ಹೇಳಿ, ಅಡ್ವಾನ್ಸ್ ಐನೂರು ತೆಗೆದುಕೊಂಡಿದ್ದೇನೆ.