ಎರಡು ಆಂಟೆನಾ, ಎರಡು ಕಿವಿ: ಸಕಲೇಶಪುರದ ತೋಟದಲ್ಲಿ ಡೈವರ್ಸಿಟಿ ರಿಸೆಪ್ಷನ್

ಸಂಜೆ 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್ ಸುತ್ತಮುತ್ತ, ದೂರದ ಸ್ಟೇಷನ್ ಒಂದು ಚೆನ್ನಾಗಿ ಕೇಳುತ್ತಿರುತ್ತದೆ. ಕಾಲ್‌ಸೈನ್‌ನ ಕೊನೆಯ ಅಕ್ಷರ ಬರುವ ಹೊತ್ತಿಗೆ ಮುಳುಗಿಹೋಗುತ್ತದೆ. ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಕ್ಯೂಎಸ್‌ಬಿ ಅನ್ನುತ್ತೇವಲ್ಲ, ಅದೇ. ಒಂದೇ ಸಿಗ್ನಲ್ ಅಯಾನುಗೋಳದಿಂದ ಬೇರೆ ಬೇರೆ ದಾರಿಯಲ್ಲಿ ಬಂದು, ಒಮ್ಮೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಇನ್ನೊಮ್ಮೆ ಒಂದನ್ನೊಂದು ಅಳಿಸಿಬಿಡುತ್ತದೆ. ಅದರ ಪೋಲರೈಸೇಶನ್ (ಅಲೆ ಅಡ್ಡ ಕಂಪಿಸುತ್ತದೋ ಲಂಬವಾಗಿಯೋ ಅನ್ನುವುದು) ಕೂಡ ತಿರುಗುತ್ತಲೇ ಇರುತ್ತದೆ. ಆದರೆ ಇಲ್ಲಿ ಮುಳುಗಿದ ಸಿಗ್ನಲ್ ಅದೇ ಕ್ಷಣ ತೋಟದ ಆ ತುದಿಯಲ್ಲಿ ಗಟ್ಟಿಯಾಗಿರಬಹುದು. ಹಾಗಾಗಿ ಎರಡು ಆಂಟೆನಾಗಳಿಂದ ಒಟ್ಟಿಗೇ ಕೇಳುವುದೇ ಡೈವರ್ಸಿಟಿ ರಿಸೆಪ್ಷನ್. ಅಮೆರಿಕದ ಆರ್‌ಸಿಎ ರೇಡಿಯೊ ಕಂಪನಿಯ ಎಂಜಿನಿಯರ್‌ಗಳಾದ ಬೆವೆರೇಜ್ ಮತ್ತು ಪೀಟರ್ಸನ್ ಇದನ್ನೇ ಬಳಸಿಕೊಂಡು, ದೂರ ದೂರ ನಿಲ್ಲಿಸಿದ ಆಂಟೆನಾಗಳಿಂದ ಟೆಲಿಗ್ರಾಫ್ ಸಿಗ್ನಲ್ ಹಿಡಿದರು. 1931ರಲ್ಲಿ ಅದರ ಬಗ್ಗೆ ಪ್ರಬಂಧವನ್ನೂ ಬರೆದರು.

ಲೆಕ್ಕ ಸುಲಭ. ಒಂದು ಆಂಟೆನಾದಲ್ಲಿ ನೂರಕ್ಕೆ 10 ಪಾಲು ಸಮಯ ಸಿಗ್ನಲ್ ಮುಳುಗುತ್ತದೆ ಅಂದುಕೊಳ್ಳಿ. ಇನ್ನೊಂದರಲ್ಲೂ ಅಷ್ಟೇ, ಆದರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲದ ಹಾಗೆ. ಆಗ ಎರಡೂ ಒಟ್ಟಿಗೆ ಮುಳುಗುವುದು ನೂರಕ್ಕೆ 1 ಪಾಲು ಮಾತ್ರ. ‘ಸಂಬಂಧವಿಲ್ಲದ ಹಾಗೆ’ ಅನ್ನುವುದೇ ಇಲ್ಲಿ ಮುಖ್ಯ. ಎರಡನೇ ಆಂಟೆನಾ ಮೊದಲಿನದಕ್ಕಿಂತ ಒಳ್ಳೆಯದಾಗಿರಬೇಕಿಲ್ಲ, ಬೇರೆ ಥರದ್ದಾಗಿರಬೇಕು.

ನನ್ನ ಮೊದಲ ಆಂಟೆನಾ ಎರಡು ಸಿಲ್ವರ್ ಮರಗಳ ನಡುವೆ ಅಡ್ಡ ಕಟ್ಟಿದ ಡೈಪೋಲ್, ಅಂದರೆ ನಡುವಿನಲ್ಲಿ ಕೇಬಲ್ ಸೇರಿಸಿದ ಎರಡು ತೋಳಿನ ವೈರು. 7.1 ಮೆಗಾಹರ್ಟ್ಸ್‌ಗೆ ಎರಡೂ ಕಡೆ ಸುಮಾರು 10 ಮೀಟರ್ ವೈರು. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ವೈರೇ ಸಾಕು, ತುದಿಗೆ ಪಿವಿಸಿ ಪೈಪಿನ ತುಂಡು. ಎರಡನೆಯದು ಲಂಬವಾಗಿ ಇಳಿಬಿಟ್ಟ 10 ಮೀಟರ್ ವೈರು, ಬುಡದಲ್ಲಿ ಕಾಫಿ ಸಾಲುಗಳ ನಡುವೆ ಹಾಸಿದ ರೇಡಿಯಲ್‌ಗಳು, ಅಂದರೆ ಬುಡದಿಂದ ಸುತ್ತಲೂ ನೆಲದ ಮೇಲೆ ಹರಡಿದ ವೈರುಗಳು. ರೇಡಿಯಲ್ಲನ್ನು ನೆಲಕ್ಕೆ ಒತ್ತಿ ಗೂಟ ಹೊಡೆಯಿರಿ, ಇಲ್ಲದಿದ್ದರೆ ಕಳೆ ಹೊಡೆಯುವ ಮೆಷಿನ್ನಿಗೆ ಸಿಕ್ಕಿ ತುಂಡಾಗುತ್ತದೆ. ಮೇಲೆ ಹಗ್ಗ ಕಟ್ಟಿಸಲು ಒಳ್ಳೆಯ ಸಮಯ ಮೆಣಸು ಕೊಯ್ಲು. ಹೇಗೂ ಮರಕ್ಕೆ ಏಣಿ ಹಾಕಿರುತ್ತಾರೆ, ಅಲ್ವಾ? ವೈರು ಕಾಂಡಕ್ಕೆ ತಾಗದಂತೆ ಕೊಂಬೆಯಿಂದ ಇಳಿಬಿಡಲು ಹೇಳಿ.

ದೂರ ಎಷ್ಟಿರಬೇಕು? ಜಾಗದ ಅಂತರವನ್ನೇ ನಂಬಿದರೆ ಹಲವು ತರಂಗಾಂತರ ಬೇಕು. 40 ಮೀಟರ್ ಬ್ಯಾಂಡಿನಲ್ಲಿ ಅದು ನೂರಾರು ಮೀಟರ್ ಆಗುತ್ತದೆ. ಅಷ್ಟು ಕೇಬಲ್ ಎಳೆಯುವ ಬದಲು ಒಂದನ್ನು ಅಡ್ಡ, ಒಂದನ್ನು ಲಂಬ ಮಾಡಿದರೆ ಅಂಗಳದಷ್ಟು ಜಾಗದಲ್ಲೂ ಕೆಲಸ ಆಗುತ್ತದೆ. ಹಾಸನ ಪೇಟೆಯ ತಾರಸಿ ಮನೆಯವರಿಗೂ ಇದೇ ದಾರಿ.

ರಿಸೀವರ್ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಿ. ಎರಡೂ ಕೇಬಲ್‌ಗಳನ್ನು ಒಂದು ಕೋಆಕ್ಸ್ ಸ್ವಿಚ್‌ಗೆ (ಆಂಟೆನಾ ಕೇಬಲ್ ಬದಲಿಸುವ ಸ್ವಿಚ್) ಹಾಕಿ, ಇರುವ ರೇಡಿಯೊದಲ್ಲೇ ಕತ್ತಲಾದ ಮೇಲೆ 10 ಮೆಗಾಹರ್ಟ್ಸ್ ಕೇಳಿ. ಚೀನಾದ ಬಿಪಿಎಂ ಸಮಯ ಸಂಕೇತ ಅಲ್ಲಿ ಟಿಕ್ ಟಿಕ್ ಅನ್ನುತ್ತಿರುತ್ತದೆ. ಸಿಗ್ನಲ್ ಇಳಿದ ತಕ್ಷಣ ಸ್ವಿಚ್ ತಿರುಗಿಸಿ, ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರ್ ನೋಡಿ. ಇನ್ನೊಂದು ಆಂಟೆನಾದಲ್ಲಿ ಮುಳ್ಳು ಮೇಲಿದ್ದರೆ ನಿಮ್ಮ ಜೋಡಿ ಸರಿಯಾಗಿದೆ. ಪ್ರತಿ ಸಲವೂ ಎರಡರಲ್ಲೂ ಒಟ್ಟಿಗೇ ಇಳಿದರೆ ಮೊದಲು ಆಂಟೆನಾ ಬದಲಿಸಿ.

ರಿಸೀವರ್ ಎರಡಿದ್ದರೆ ಸಾಲದು, ಎರಡಕ್ಕೂ ಒಂದೇ ಕ್ಲಾಕ್ (ಆವರ್ತನವನ್ನು ನಿಗದಿ ಮಾಡುವ ಆಸಿಲೇಟರ್) ಇರಬೇಕು. ಕಂಪ್ಯೂಟರ್‌ಗೆ ಸಿಕ್ಕಿಸುವ ಅಗ್ಗದ ಆರ್‌ಟಿಎಲ್ ಡಾಂಗಲ್ ರಿಸೀವರ್‌ಗಳನ್ನು ಬೇರೆ ಬೇರೆಯಾಗಿ ಎರಡು ಹಾಕಿದರೆ ಕೆಲವೇ ಹರ್ಟ್ಸ್ ವ್ಯತ್ಯಾಸಕ್ಕೂ ಧ್ವನಿ ತಲೆಯೊಳಗೆ ಸುತ್ತಾಡಿದಂತಾಗಿ ಸುಸ್ತಾಗುತ್ತದೆ. ಆರ್‌ಎಸ್‌ಪಿ ಡ್ಯುಯೊ ಅನ್ನುವ ಕಂಪ್ಯೂಟರ್ ರಿಸೀವರ್‌ನಲ್ಲಿ ಎರಡು ಟ್ಯೂನರ್‌ಗಳು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕ್ಲಾಕಿನ ಮೇಲೆ ಓಡುತ್ತವೆ. ಸಬ್ ರಿಸೀವರ್ (ಒಳಗೇ ಇರುವ ಎರಡನೇ ರಿಸೀವರ್) ಇರುವ ಎಲೆಕ್ರಾಫ್ಟ್ ಕೆ3 ಹ್ಯಾಮ್ ರೇಡಿಯೊ ಕೂಡ ಇದನ್ನು ಮಾಡುತ್ತದೆ. ಒಂದು ಆಂಟೆನಾ ಎಡಗಿವಿಗೆ, ಇನ್ನೊಂದು ಬಲಗಿವಿಗೆ. ವೈರಿನ ಸ್ಟೀರಿಯೊ ಹೆಡ್‌ಫೋನ್ ಬೇಕೇ ಬೇಕು. ಎರಡನ್ನೂ ಸೇರಿಸುವ ಕೆಲಸ ನಿಮ್ಮ ಮಿದುಳಿನದು, ಅದು ಎಷ್ಟು ಚೆನ್ನಾಗಿ ಮಾಡುತ್ತದೆ ಎಂದು ಕೇಳಿಯೇ ತಿಳಿಯಬೇಕು. ಸಿಗ್ನಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಸರಿಯುತ್ತದೆ, ಮಾತು ಮಾತ್ರ ಕಡಿಯುವುದಿಲ್ಲ.

ಇನ್ನು ಎಜಿಸಿ, ಅಂದರೆ ಸಿಗ್ನಲ್ ಇಳಿದಾಗ ಗೇನನ್ನು (ವರ್ಧನೆಯನ್ನು) ತಾನಾಗಿಯೇ ಏರಿಸುವ ವ್ಯವಸ್ಥೆ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಎಜಿಸಿಯನ್ನು ಸುಮ್ನೆ ಇದ್ದ ಹಾಗೆ ಬಿಟ್ಟರೆ, ಎಡಗಡೆ ಸಿಗ್ನಲ್ ಮುಳುಗಿದ ಕೂಡಲೇ ಅಲ್ಲಿ ಗೇನ್ ಏರಿ ಬರೀ ಗದ್ದಲ ಜೋರಾಗುತ್ತದೆ. ಬಲಗಿವಿಯ ಒಳ್ಳೆಯ ಸಿಗ್ನಲ್ಲಿಗೆ ಎಡಗಿವಿಯ ಗದ್ದಲ ಅಡ್ಡ ಬರುತ್ತದೆ. ಆದ್ದರಿಂದ ಎರಡರಲ್ಲೂ ಒಂದೇ ಫಿಲ್ಟರ್ ಅಗಲ ಇಡಿ, ಎಜಿಸಿಯನ್ನು ನಿಧಾನಕ್ಕೆ ಹಾಕಿ, ರೇಡಿಯೊ ಸಿಗ್ನಲ್ಲಿನ ವರ್ಧನೆ, ಅಂದರೆ ಆರ್‌ಎಫ್ ಗೇನ್, ಇಳಿಸಿ. ಸ್ಟೇಷನ್ ಇಲ್ಲದ ಕಡೆ ಟ್ಯೂನ್ ಮಾಡಿ, ಎರಡೂ ಕಿವಿಯಲ್ಲಿ ಗದ್ದಲ ಮೆಲ್ಲಗೆ, ಸಮನಾಗಿ ಕೇಳುವವರೆಗೆ ಸರಿಮಾಡಿ. ಲಂಬ ವೈರಿನಲ್ಲಿ ಸಾಮಾನ್ಯವಾಗಿ ಗದ್ದಲ ಜಾಸ್ತಿ, ಅದರ ಗೇನ್ ಇನ್ನೂ ಕಡಿಮೆ ಇರಲಿ.

ನಮ್ಮ ಕಡೆಯವರಿಗೆ ಇನ್ನೊಂದು ತಲೆನೋವು ಆನೆಗೆ ಹಾಕಿದ ಸೋಲಾರ್ ಬೇಲಿ. ಸೆಕೆಂಡಿಗೊಮ್ಮೆ ಟಕ್ ಅನ್ನುತ್ತಿರುತ್ತದೆ. ತಂತಿಗೆ ಹಸಿ ಸೊಪ್ಪು ತಾಗಿ ಕಿಡಿ ಹಾರುವ ಜಾಗದಿಂದ ಆ ಸದ್ದು ಹೆಚ್ಚು. ಬೇಲಿಯನ್ನು ಆಫ್ ಮಾಡಿಸಿ ಸೊಪ್ಪು ಸವರಿಸಿ, ಸಡಿಲ ಜಾಯಿಂಟ್ ಬಿಗಿ ಮಾಡಿಸಿ. ಎರಡನೇ ಆಂಟೆನಾವನ್ನು ಬೇಲಿಯಿಂದ ದೂರದ ಬದಿಗೆ ಹಾಕಿ. ಎರಡೂ ಕೇಬಲ್ ಮನೆಯೊಳಗೆ ಬರುವಲ್ಲಿ ಫೆರೈಟ್ (ಗದ್ದಲ ತಡೆಯುವ ಕಾಂತೀಯ ಉಂಗುರ) ಮೇಲೆ ಕೆಲವು ಸುತ್ತು ಹಾಕಿದರೆ ಎಲ್‌ಇಡಿ ಬಲ್ಬು, ಯುಪಿಎಸ್‌ನ ಗದ್ದಲವೂ ಇಳಿಯುತ್ತದೆ. ಬರೀ ಕೇಳುವುದಕ್ಕೆ ಟಿವಿಯ ಆರ್‌ಜಿ-6 ಕೇಬಲ್ ಧಾರಾಳ ಸಾಕು.

ಟ್ರಾನ್ಸ್‌ಮಿಟ್ ಮಾಡುವವರು ಎರಡನೇ ಆಂಟೆನಾವನ್ನು ಮರೆಯಬಾರದು. ಪಕ್ಕದಲ್ಲೇ 100 ವಾಟ್ ಹೊರಟರೆ ಅದರಲ್ಲಿ ಬರುವ ವೋಲ್ಟೇಜ್ ರಿಸೀವರ್‌ನ ಮುಂಭಾಗವನ್ನು ಸುಟ್ಟುಬಿಡಬಹುದು. ಮಾತಾಡಲು ಮೈಕಿನ ಪಿಟಿಟಿ ಗುಂಡಿ ಒತ್ತಿದಾಗ ರಿಸೀವರನ್ನು ಆಂಟೆನಾದಿಂದ ಬಿಡಿಸಿ, ಅದರ ಇನ್‌ಪುಟ್ಟನ್ನು ಅರ್ಥ್‌ಗೆ ಸೇರಿಸುವ ಒಂದು ರಿಲೇ ಹಾಕಿ. ಟ್ರಾನ್ಸ್‌ಮಿಟರ್ ಏಳುವ ಮೊದಲೇ ರಿಲೇ ತಿರುಗಿರಬೇಕು. ಮಾರ್ಚ್, ಏಪ್ರಿಲ್‌ನ ಹೂಮಳೆ ಗುಡುಗಿನ ಜೊತೆಗೇ ಬರುತ್ತದೆ. ಆ ದಿನಗಳಲ್ಲಿ ಕೇಳಿ ಮುಗಿದ ಕೂಡಲೇ ಎರಡೂ ಕೇಬಲ್ ಕಳಚಿ ಮನೆಯ ಹೊರಗಿಡಿ.