ಚರ್ಮಕ್ಕೆ ಬೇಗ ಮುಪ್ಪು ತರುವ ಅಭ್ಯಾಸಗಳನ್ನು ತಿದ್ದಿಕೊಳ್ಳುವುದು ಹೇಗೆ?

ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಕಂಕುಳ ಹತ್ತಿರದ ಒಳತೋಳನ್ನೂ ಮುಂಗೈಯ ಹೊರಭಾಗವನ್ನೂ ಕಿಟಕಿಯ ಬೆಳಕಿನಲ್ಲಿ ಹಿಡಿದು ಹೋಲಿಸಿ ನೋಡುವುದು ಈ ಕೆಲಸದ ಮೊದಲ ಹೆಜ್ಜೆ. ನಲವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಒಳತೋಳಿನ ಚರ್ಮ ನಯವಾಗಿ, ಒಂದೇ ಬಣ್ಣದಲ್ಲಿ ಉಳಿದಿರುವುದೂ, ಮುಂಗೈಯ ಚರ್ಮ ಒರಟಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿರುವುದೂ ಕಾಣುತ್ತದೆ. ಎರಡೂ ಹುಟ್ಟಿದ್ದು ಒಂದೇ ದಿನ. ಎರಡಕ್ಕೂ ಸಿಕ್ಕಿದ ಊಟ, ನೀರು, ನಿದ್ದೆ ಎಲ್ಲವೂ ಒಂದೇ. ಬೇರೆಯಾದದ್ದು ಮುಖ್ಯವಾಗಿ ಬಿಸಿಲು. ಆದ್ದರಿಂದ ಈ ಲೇಖನದಲ್ಲಿ ಬಿಸಿಲಿಗೇ ಅರ್ಧ ಜಾಗ ಹೋಗಿದೆ. ಸೌಂದರ್ಯದ ಅಂಕಣಗಳಲ್ಲಿ ಸಾಮಾನ್ಯವಾಗಿ ಮೊದಲು ಬರುವ ಆಹಾರ, ನಿದ್ದೆ, ನೀರುಗಳ ಮಾತನ್ನು ಇಲ್ಲಿ ಕೊನೆಗೆ ತಳ್ಳಿದ್ದೇನೆ.

ನೆಲವನ್ನು ಮುಟ್ಟುವ ಅತಿನೇರಳೆ ಕಿರಣಗಳಲ್ಲಿ ಎರಡು ಬಗೆಯುಂಟು. ಯುವಿಬಿ ಎಂಬುದು ಚರ್ಮದ ಮೇಲ್ಪದರವನ್ನು ಸುಟ್ಟು ಉರಿ ತರಿಸುತ್ತದೆಯಾದ್ದರಿಂದ ಅದು ಬಿದ್ದದ್ದು ನಮಗೆ ಅಂದೇ ತಿಳಿಯುತ್ತದೆ. ಒಟ್ಟು ಪ್ರಮಾಣದಲ್ಲಿ ಸುಮಾರು ಶೇ 95ರಷ್ಟಿರುವ ಯುವಿಎ ಹಾಗಲ್ಲ. ಅದು ಉರಿಸದೆ, ಸದ್ದಿಲ್ಲದೆ ಒಳಪದರಕ್ಕೆ ಇಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜನ್ ಎಂಬ ನಾರನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ ಮತ್ತು ಎಲಾಸ್ಟಿನ್ ಎಂಬ ಹಿಗ್ಗಿ ಕುಗ್ಗುವ ನಾರನ್ನು ಕೆಡಿಸುತ್ತದೆ. ವರ್ಷಗಟ್ಟಲೆ ಮಲಗಿದ ಹತ್ತಿಯ ಹಾಸಿಗೆಯಲ್ಲಿ ಅರಳೆ ಗಂಟುಕಟ್ಟಿ, ನಡುವೆ ತಗ್ಗು ಬೀಳುತ್ತದಲ್ಲ, ಒಳಗೆ ಆಗುವುದು ಹೆಚ್ಚುಕಡಿಮೆ ಅದೇ. ಹತ್ತಿಯ ಗಿರಣಿಗಳ ಕಾರಣಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿದ್ದ ದಾವಣಗೆರೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಾಸಿಗೆಯ ಅರಳೆಯನ್ನು ಹಿಂಜಿಸಿ ಮತ್ತೆ ತುಂಬಿಸಬಹುದು, ಚರ್ಮಕ್ಕೆ ಆ ಸೌಲಭ್ಯವಿಲ್ಲ.

ನಮ್ಮ ಕಡೆಯ ಕಪ್ಪು, ಎಣ್ಣೆಗೆಂಪು ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ಕಣಗಳು ಹೆಚ್ಚಾಗಿರುವುದರಿಂದ ಸುಕ್ಕುಗಳು ಬಿಳಿಯ ಚರ್ಮದವರಿಗಿಂತ ತಡವಾಗಿ ಬರುತ್ತವೆ. ಅಷ್ಟರಿಂದಲೇ ನೆಮ್ಮದಿಯಾಗಿರುವಂತಿಲ್ಲ, ಏಕೆಂದರೆ ನಮ್ಮಲ್ಲಿ ಮುಪ್ಪು ಸುಕ್ಕಿಗಿಂತ ಮೊದಲು ಕಲೆಯ ರೂಪದಲ್ಲಿ ಬರುತ್ತದೆ: ಕೆನ್ನೆಯ ಮೇಲೆ ಬಂಗು, ಹಣೆಯ ಅಂಚಿನಲ್ಲಿ ಕಪ್ಪು, ಕಣ್ಣಿನ ಕೆಳಗೆ ಮಚ್ಚೆಯಂತಹ ಸಣ್ಣ ಉಬ್ಬುಗಳು.

ಬಿಸಿಲಿನ ಲೆಕ್ಕ ಹಾಕಿಕೊಳ್ಳಿ

ಎರಡನೆಯ ಹೆಜ್ಜೆಯಾಗಿ, ಒಂದು ವಾರದ ಮಟ್ಟಿಗೆ, ದಿನದ ಯಾವ ಹೊತ್ತಿನಲ್ಲಿ ಎಷ್ಟು ನಿಮಿಷ ಬಿಸಿಲಿಗೆ ಬಿದ್ದಿರಿ ಎಂಬುದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಜಾತ್ರೆಗೋ ಕೋಟೆ ನೋಡುವುದಕ್ಕೋ ಹೋದ ದಿನದ ಬಿಸಿಲು ಎಲ್ಲರಿಗೂ ನೆನಪಿರುತ್ತದೆ. ಲೆಕ್ಕಕ್ಕೆ ತಪ್ಪುವುದು ಬಸ್ಸಿಗೆ ಕಾದ ಹತ್ತು ನಿಮಿಷ, ಮಹಡಿಯ ಮೇಲೆ ಬಟ್ಟೆ ಒಣಹಾಕಿದ ಕಾಲು ಗಂಟೆ, ಶಾಲೆಯಿಂದ ಮಗುವನ್ನು ಸ್ಕೂಟರಿನಲ್ಲಿ ಕರೆತಂದ ದಾರಿ. ದಿನವೂ ಬೀಳುವ ಈ ಚಿಲ್ಲರೆ ಬಿಸಿಲು ವರ್ಷಕ್ಕೆ ಕೂಡಿಸಿದಾಗ ದೊಡ್ಡ ಮೊತ್ತವಾಗುತ್ತದೆ.

ಬಿಸಿಲು ಎಷ್ಟು ಕಟು ಎಂದು ತಿಳಿಯಲು ಮೊಬೈಲಿನ ಹವಾಮಾನ ಆ್ಯಪಿನಲ್ಲಿ ಯುವಿ ಸೂಚ್ಯಂಕವನ್ನು ನೋಡಬಹುದು. ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ಬಿಸಿಲು ಬಹಳ ತೀವ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ್ಯಪು ಇಲ್ಲದವರಿಗೆ ನೆರಳೇ ಸಾಕು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಹೊತ್ತಿನ ಬಿಸಿಲಿಗೆ ಬರಿಮುಖ ಒಡ್ಡಬಾರದು. ದಾವಣಗೆರೆ, ಚಿತ್ರದುರ್ಗಗಳೆರಡೂ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ವರ್ಷದಲ್ಲಿ ಎರಡು ಸಲ, ಅಂದರೆ ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುಭಾಗದಲ್ಲಿ, ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ದೇಶದ ಗಡಿಯಾರ ನಮಗಿಂತ ಪೂರ್ವದ ರೇಖಾಂಶವನ್ನು ಅನುಸರಿಸುವುದರಿಂದ ನಮ್ಮ ನಿಜವಾದ ನಡುಹಗಲು ಆ ದಿನಗಳಲ್ಲಿ ಹನ್ನೆರಡೂಕಾಲು ಕಳೆದ ಮೇಲೆಯೇ.

ಏಪ್ರಿಲ್ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಆಗಸ್ಟಿನದಕ್ಕೆ ಯಾರೂ ಹೆದರುವುದಿಲ್ಲ. ಮೋಡ ಮುಸುಕಿ ತಣ್ಣಗೆ ಗಾಳಿ ಬೀಸುವಾಗ ಬಿಸಿಲೇ ಇಲ್ಲ ಎಂದು ಮೈ ನಂಬುತ್ತದೆ. ಆದರೆ ತಡೆಯಾಗುವುದು ಬಿಸಿಯೇ ಹೊರತು ಅತಿನೇರಳೆಯಲ್ಲ, ತೆಳುಮೋಡವು ಅದರ ಬಹುಪಾಲನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ. ಭದ್ರಾ ನಾಲೆಯ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವವರೂ, ಚಳ್ಳಕೆರೆ ಕಡೆಯ ಶೇಂಗಾ ಹೊಲಗಳಲ್ಲಿ ಕಳೆ ತೆಗೆಯುವವರೂ ಇಡೀ ದಿನ ಬಯಲಿನಲ್ಲಿ ಬಾಗಿ ನಿಂತಿರುವುದು ಹೆಚ್ಚಾಗಿ ಇದೇ ಕಾಲದಲ್ಲಿ.

ಗಾಜಿನ ಹಿಂದಿನ ಬಿಸಿಲನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಸಾಮಾನ್ಯ ಕಿಟಕಿಗಾಜು ಯುವಿಬಿಯನ್ನು ಬಹುಮಟ್ಟಿಗೆ ತಡೆಯುತ್ತದೆ, ಯುವಿಎಯನ್ನು ಒಳಕ್ಕೆ ಬಿಡುತ್ತದೆ. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ 69 ವರ್ಷದ ಚಾಲಕರೊಬ್ಬರ ಭಾವಚಿತ್ರ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಅವರ ಎಡಗೆನ್ನೆ ಜೋತು, ಆಳವಾದ ಸುಕ್ಕುಗಳಿಂದ ತುಂಬಿತ್ತು. ಬಲಗೆನ್ನೆ ಬೇರೊಬ್ಬ ಕಿರಿಯನದೆಂಬಂತೆ ಇತ್ತು. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಕೆನ್ನೆ ಬದಲಾಗುತ್ತದೆ, ಅಷ್ಟೆ. ಚಳಿಗಾಲದ ಮಧ್ಯಾಹ್ನ ದಾವಣಗೆರೆಯಿಂದ ಚಿತ್ರದುರ್ಗದತ್ತ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟ ಗಾಡಿಯಲ್ಲಿ ಸೂರ್ಯ ದಾರಿಯುದ್ದಕ್ಕೂ ಚಾಲಕನ ಬಲಗಡೆಯೇ ಇರುತ್ತಾನೆ. ಮುಂದಿನ ದೊಡ್ಡ ಗಾಜು ಎರಡು ಪದರದ್ದಾಗಿದ್ದು ಯುವಿಎಯನ್ನೂ ತಡೆಯುತ್ತದೆ, ಪಕ್ಕದ ಗಾಜು ಹಾಗಿರುವುದಿಲ್ಲ. ದಿನವೂ ಈ ದಾರಿಯಲ್ಲಿ ಓಡಾಡುವವರು ತುಂಬುತೋಳಿನ ಅಂಗಿ ಹಾಕುವುದು, ಪ್ರಯಾಣಿಕರಾದರೆ ನೆರಳಿನ ಕಡೆಯ ಆಸನ ಹಿಡಿಯುವುದು ಖರ್ಚಿಲ್ಲದ ಉಪಾಯ.

ಮೊದಲು ಬಟ್ಟೆ, ಆಮೇಲೆ ಕ್ರೀಮು

ಹಚ್ಚಿಕೊಳ್ಳುವುದಕ್ಕಿಂತ ಹೊದ್ದುಕೊಳ್ಳುವುದು ಮೇಲು, ಏಕೆಂದರೆ ಬಟ್ಟೆ ಬೆವರಿಗೆ ಕರಗಿಹೋಗುವುದಿಲ್ಲ. ಆದರೆ ಎಲ್ಲ ಬಟ್ಟೆಯೂ ಒಂದೇ ಅಲ್ಲ. ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿಯಿರಿ; ಆಚೆಗಿನ ಕಿಟಕಿಯ ಸರಳು ಕಂಡರೆ ಕಿರಣವೂ ಬರುತ್ತದೆ. ತೆಳುವಾದ ಬಿಳಿ ಹತ್ತಿಬಟ್ಟೆಗಿಂತ ಒತ್ತಾಗಿ ನೇಯ್ದ, ಗಾಢಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ, ಒದ್ದೆಯಾದ ಹತ್ತಿಬಟ್ಟೆ ಇನ್ನೂ ಕಡಿಮೆ ತಡೆಯುತ್ತದೆ. ಹೊಲದಲ್ಲಿ ತಲೆಗೆ ಸುತ್ತುವ ಟವೆಲ್ಲು ನೆತ್ತಿಯನ್ನು ಕಾಯುತ್ತದೆ, ಕೆನ್ನೆಯನ್ನಲ್ಲ; ಹುಡುಗರ ಕ್ರಿಕೆಟ್ ಟೋಪಿ ಹಣೆಯನ್ನು ಕಾಯುತ್ತದೆ, ಕಿವಿ ಮತ್ತು ಕುತ್ತಿಗೆಯನ್ನಲ್ಲ. ಸುತ್ತಲೂ ನಾಲ್ಕು ಬೆರಳಿನಷ್ಟು ಅಂಚು ಇರುವ ಟೋಪಿ ಒಳ್ಳೆಯದು. ಮಳೆಗಾಲಕ್ಕೆಂದು ಮೂಲೆಯಲ್ಲಿಟ್ಟ ಕೊಡೆಯನ್ನು ಬೇಸಿಗೆಯಲ್ಲಿ ಹಿಡಿಯಲು ಗಂಡಸರಿಗೆ ಯಾಕೆ ಅಷ್ಟು ನಾಚಿಕೆಯೋ ನನಗಂತೂ ತಿಳಿದಿಲ್ಲ.

ಬಟ್ಟೆ ಮುಚ್ಚದ ಜಾಗಕ್ಕೆ ಸನ್‌ಸ್ಕ್ರೀನ್. ಕೊಳ್ಳುವಾಗ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿರುವುದನ್ನೂ, ಅದರ ಪಕ್ಕದಲ್ಲಿ ಪಿಎ ಎಂಬ ಅಕ್ಷರಗಳ ಮುಂದೆ ಕನಿಷ್ಠ ಮೂರು ಪ್ಲಸ್ ಗುರುತುಗಳಿರುವುದನ್ನೂ ನೋಡಿ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿಯ ವಿಷಯ, ಪಿಎ ಹೇಳುವುದು ಮುಪ್ಪು ತರುವ ಯುವಿಎಯ ವಿಷಯ. 30 ಎಂದರೆ ಯುವಿಬಿಯ ಶೇ 97ರಷ್ಟನ್ನು, 50 ಎಂದರೆ ಶೇ 98ರಷ್ಟನ್ನು ತಡೆಯುತ್ತದೆಯಾದ್ದರಿಂದ ದೊಡ್ಡ ಸಂಖ್ಯೆಗೆ ದುಪ್ಪಟ್ಟು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಅವರಿಗೆ ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ನಮ್ಮಲ್ಲಿ ಎಡವುವುದು ಪ್ರಮಾಣದಲ್ಲಿ. ಕಡಲೆಕಾಳಿನಷ್ಟು ಕ್ರೀಮನ್ನು ಇಡೀ ಮುಖಕ್ಕೆ ತೇಯ್ದರೆ ಟ್ಯೂಬಿನ ಮೇಲೆ ಬರೆದ ರಕ್ಷಣೆ ಸಿಗುವುದಿಲ್ಲ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮು ಮುಖ ಮತ್ತು ಕುತ್ತಿಗೆಗೆ ಬೇಕು. ಅದು ಒಂದು ಗ್ರಾಂಗೆ ಕಡಿಮೆಯಿಲ್ಲ, ಹಾಗಾಗಿ ದಿನವೂ ಹಚ್ಚುವವರಿಗೆ 50 ಗ್ರಾಂ ಟ್ಯೂಬು ಆರು ತಿಂಗಳು ಬಂತೆಂದರೆ ಅವರು ಹಚ್ಚಿಕೊಂಡದ್ದು ಹೆಸರಿಗೆ ಮಾತ್ರ. ಹೊರಡುವುದಕ್ಕೆ ಕಾಲು ಗಂಟೆ ಮೊದಲು ಹಚ್ಚಿ, ಬಿಸಿಲಿನಲ್ಲೇ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇಷ್ಟೆಲ್ಲ ಮಾಡಿದರೆ ಪ್ರಯೋಜನವಿದೆಯೇ ಎಂಬುದನ್ನು ಆಸ್ಟ್ರೇಲಿಯಾದಲ್ಲಿ 903 ಜನರ ಮೇಲೆ ನಾಲ್ಕೂವರೆ ವರ್ಷ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ದಿನವೂ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ, ಚರ್ಮದ ಮುಪ್ಪು ಶೇ 24ರಷ್ಟು ಕಡಿಮೆಯಿತ್ತು. ಕೂಲಿಗೆ ಹೋಗುವ ಮನೆಯಲ್ಲಿ ತಿಂಗಳಿಗೊಂದು ಟ್ಯೂಬು ಆಗುವ ಮಾತಲ್ಲ; ಅಲ್ಲಿ ಆ ಹಣಕ್ಕೆ ಒಂದು ಒಳ್ಳೆಯ ಟೋಪಿ, ತುಂಬುತೋಳಿನ ಅಂಗಿ ಕೊಳ್ಳುವುದೇ ಸರಿ.

ಮುಖ ತೊಳೆಯುವುದು

ಚಿತ್ರದುರ್ಗದ ಬಯಲಿನ ಒಣಗಾಳಿಯಲ್ಲಿ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮುಖ ತೊಳೆಯುವವರಿಗೆ ಇನ್ನೊಂದು ತೊಂದರೆಯಿದೆ. ಚರ್ಮದ ಮೇಲ್ಮೈ ತುಸು ಹುಳಿಯಾದದ್ದು, ಹುಳಿಯ ಅಳತೆಯಾದ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಅಲ್ಲಿ ಸುಮಾರು 5. ಮೈಸೋಪಿನದು 9ರಿಂದ 10. ಗಡಸು ನೀರಿನ ಸುಣ್ಣದಂಶದೊಡನೆ ಸೋಪು ಸೇರಿದಾಗ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಜಿಡ್ಡು ಮುಖದ ಮೇಲೂ ಉಳಿಯುತ್ತದೆ. ಚರ್ಮ ಬಿಗಿದು, ಒಣಗಿ, ಕಣ್ಣಿನ ಸುತ್ತ ಸಣ್ಣ ಗೆರೆಗಳು ಏಳುತ್ತವೆ. ಇವು ನಿಜವಾದ ಸುಕ್ಕುಗಳೋ ಅಲ್ಲವೋ ಎಂದು ತಿಳಿಯಲು ರಾತ್ರಿ ಒದ್ದೆಮುಖಕ್ಕೆ ಮಾಯಿಶ್ಚರೈಸರ್ ಹಚ್ಚಿ ಮಲಗಿ, ಬೆಳಿಗ್ಗೆ ಕನ್ನಡಿ ನೋಡಿ. ಮಾಯವಾಗಿದ್ದರೆ ಅದು ಬರಿಯ ಒಣಗು. ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಸೋಪು ಮುಟ್ಟಿಸದೆ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಟವೆಲ್ಲಿನಿಂದ ಉಜ್ಜದೆ ಒತ್ತಿಕೊಂಡರೆ ಇದು ತಹಬಂದಿಗೆ ಬರುತ್ತದೆ. ನಿಂಬೆರಸವನ್ನು ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋಗುವುದನ್ನಂತೂ ಬಿಡಲೇಬೇಕು. ಅದರಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಸುತ್ತವೆ.

ಔಷಧದ ಅಂಗಡಿಯ ಟ್ಯೂಬು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಬಿಡುವಿದ್ದರೆ ಇದನ್ನು ಓದಿ. ಬಂಗು ಹೋಗಬೇಕು, ಮುಖ ಬೆಳ್ಳಗಾಗಬೇಕು ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಚೀಟಿಯಿಲ್ಲದೆಯೇ ಒಂದು ಟ್ಯೂಬು ಕೈಗೆ ಬರುವುದುಂಟು. ನಮ್ಮ ಬಂಧುಗಳ ಮನೆಯಲ್ಲೇ ಒಬ್ಬರು ಮಗಳ ಮದುವೆಗೆ ಮುಂಚೆ ಹೀಗೆ ತಂದ ಟ್ಯೂಬನ್ನು ಹಚ್ಚಿ, ಎರಡನೆಯ ವಾರಕ್ಕೇ ಎಲ್ಲರಿಂದ ಹೊಗಳಿಸಿಕೊಂಡು, ಎರಡು ವರ್ಷ ಬಿಡದೆ ಮುಂದುವರಿಸಿದರು. ಅಂಥ ಕ್ರೀಮುಗಳಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್‌ನಂತಹ ಸ್ಟೀರಾಯ್ಡ್ ಇರುತ್ತದೆ. ಅದು ಕೆಲವು ರೋಗಗಳಿಗೆ, ಕೆಲವೇ ದಿನಗಳ ಮಟ್ಟಿಗೆ ಒಳ್ಳೆಯ ಔಷಧ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮವನ್ನು ಈರುಳ್ಳಿಯ ಸಿಪ್ಪೆಯಂತೆ ತೆಳ್ಳಗಾಗಿಸುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಮತ್ತು ಬೇಡದ ಕೂದಲು ಬರುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಶಮನ ಎಂಬ ಚಕ್ರಕ್ಕೆ ಮುಖ ಸಿಕ್ಕಿಬೀಳುತ್ತದೆ. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದೆ.

ಮನೆಯಲ್ಲಿರುವ ಪ್ರತಿಯೊಂದು ಟ್ಯೂಬಿನ ಹಿಂಭಾಗದ ಸಣ್ಣ ಅಕ್ಷರಗಳನ್ನು ಈ ಹೊತ್ತೇ ಓದಿ. ಹೆಸರಿನ ಕೊನೆಯಲ್ಲಿ ‘ಸೋನ್’ ಅಥವಾ ‘ಸೋಲ್’ ಎಂದು ಬರುವುದನ್ನು ಕಂಡರೆ ವೈದ್ಯರನ್ನು ಕೇಳಿ. ಬಹಳ ದಿನದಿಂದ ಹಚ್ಚುತ್ತಿರುವವರು ಗಾಬರಿಯಾಗಿ ಒಂದೇ ದಿನಕ್ಕೆ ನಿಲ್ಲಿಸಿಬಿಡಬಾರದು. ಹಂತಹಂತವಾಗಿ ಬಿಡಿಸುವ ಕ್ರಮವನ್ನು ಚರ್ಮವೈದ್ಯರು ಹೇಳುತ್ತಾರೆ.

ಬೀಡಿ, ಭಟ್ಟಿ, ಸಿಹಿ, ನಿದ್ದೆ

ಬೀಡಿ ಸಿಗರೇಟುಗಳ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಗೆ ಕೊಲಾಜನ್ ಕತ್ತರಿಸುವ ಕಿಣ್ವವನ್ನು ಹೆಚ್ಚಿಸುತ್ತದೆ, ಎಳೆಯುವಾಗ ತುಟಿ ಮತ್ತೆ ಮತ್ತೆ ಮುದುಡುವುದರಿಂದ ಬಾಯಿಯ ಸುತ್ತ ನೆಟ್ಟಗಿನ ಗೆರೆಗಳು ಬೀಳುತ್ತವೆ. ಬಿಸಿಲನ್ನು ಬಿಟ್ಟರೆ ಮುಪ್ಪಿನ ದೊಡ್ಡ ಕಾರಣ ಇದೇ. ಬೆಂಕಿಯ ಮುಂದೆ ದಿನವಿಡೀ ನಿಲ್ಲುವವರಿಗೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಾಗಲಿ ಹೋಟೆಲಿನ ದೋಸೆಕಾವಲಿಯ ಮುಂದಾಗಲಿ, ಕಾವು ತಾಗುವ ಜಾಗದಲ್ಲಿ ಬಲೆಯಂತಹ ಕಂದು ಗುರುತು ಬೀಳಬಹುದು. ಬೆಂಕಿಗೂ ಮೈಗೂ ನಡುವೆ ದಪ್ಪ ಬಟ್ಟೆ, ಆಗಾಗ್ಗೆ ಜಾಗ ಬದಲಾಯಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಅದು ಕೊಲಾಜನ್ ನಾರಿಗೆ ಅಂಟಿ ಅದನ್ನು ಪೆಡಸಾಗಿಸುತ್ತದೆ. ಮಧುಮೇಹಿಗಳ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅಳೆಯುವುದು ಇದೇ ಬಗೆಯ ಅಂಟುವಿಕೆಯನ್ನು, ರಕ್ತದ ಹಿಮೋಗ್ಲೋಬಿನ್‌ನಲ್ಲಿ. ದಿನಕ್ಕೆ ಐದಾರು ಸಲ ಕುಡಿಯುವ ಚಹಾದ ಸಕ್ಕರೆ ಕಡಿಮೆ ಮಾಡಿದರೆ ಒಳ್ಳೆಯದು; ಬೆಣ್ಣೆದೋಸೆಯನ್ನು ಈ ಪಟ್ಟಿಗೆ ಸೇರಿಸಲು ನನಗೆ ಕಾರಣವೂ ಕಾಣಲಿಲ್ಲ, ಧೈರ್ಯವೂ ಸಾಲಲಿಲ್ಲ. ಒಂದೇ ಮಗ್ಗುಲಿಗೆ ಕೆನ್ನೆಯೊತ್ತಿ ಮಲಗುವವರಿಗೆ ಆ ಕಡೆ ಗೆರೆಗಳು ಹೆಚ್ಚು. ಬಾಯಾರಿಕೆಗೆ ತಕ್ಕಷ್ಟು ನೀರು ಸಾಕು, ಕೊಡಗಟ್ಟಲೆ ಕುಡಿದು ಸುಕ್ಕು ಹೋಗಿಸಿಕೊಂಡವರಿಲ್ಲ.

ಈಗಾಗಲೇ ಬಿದ್ದ ಗೆರೆ ಮತ್ತು ಕಲೆಗಳನ್ನು ಸ್ವಲ್ಪ ಮಟ್ಟಿಗೆ ತಿಳಿಗೊಳಿಸುವ ಔಷಧಗಳಲ್ಲಿ ಟ್ರೆಟಿನಾಯಿನ್ ಹಳೆಯದು, ಚೆನ್ನಾಗಿ ಪರೀಕ್ಷೆಗೊಳಗಾದದ್ದು. ರಾತ್ರಿ ಮಾತ್ರ, ವೈದ್ಯರ ಸಲಹೆಯ ಮೇರೆಗೆ ಹಚ್ಚಬೇಕು, ಗರ್ಭಿಣಿಯರು ಹಚ್ಚಬಾರದು, ಫಲ ಕಾಣಲು ಕೆಲವು ತಿಂಗಳು ಬೇಕು. ಬಿಸಿಲು ಬೀಳುವ ಜಾಗದಲ್ಲಿ ತಿಂಗಳಾದರೂ ಮಾಯದ ಹುಣ್ಣು, ಆಕಾರವೋ ಬಣ್ಣವೋ ಬದಲಾಗುತ್ತಿರುವ ಮಚ್ಚೆ ಕಂಡರೆ ಅದು ಮುಪ್ಪಿನ ವಿಷಯವಲ್ಲ. ಕಾಯದೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು. ಹೋಗುವಾಗ ಇಷ್ಟು ದಿನ ಮುಖಕ್ಕೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಬಿಳಿ ಬಣ್ಣದ್ದು, ಹಸಿರು ಮುಚ್ಚಳದ್ದು’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.