ಎರಡು ಡ್ರಮ್ ಸೆಟ್, ಹೆಚ್ಚುಕಮ್ಮಿ ಒಂದೇ ಬೆಲೆ: ಯಾವುದನ್ನು ಆರಿಸುವುದು?

ಕಲಿಯಲು ಶುರುಮಾಡಿದಾಗ ಕೊಂಡ ಅಗ್ಗದ ಡ್ರಮ್ ಸೆಟ್ ಎರಡು ಮೂರು ವರ್ಷದಲ್ಲಿ ಕೈಕೊಡುತ್ತದೆ. ಹಾಡಿನ ನಡುವೆ ಟಾಮ್ (ಮೇಲೆ ಕಟ್ಟಿದ ಚಿಕ್ಕ ಡ್ರಮ್) ಮೆಲ್ಲಗೆ ಬಾಗುತ್ತದೆ. ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್ ಎಷ್ಟು ಟ್ಯೂನ್ ಮಾಡಿದರೂ ರಟ್ಟಿನ ಪೆಟ್ಟಿಗೆ ಬಡಿದ ಹಾಗೇ ಕೇಳಿಸುತ್ತದೆ. ಸ್ಟ್ಯಾಂಡಿನ ಸ್ಕ್ರೂ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದೇ ಇಲ್ಲ. ಆಗ ಡೊಂಬಿವಲಿಯಿಂದಲೋ ಭಾಂಡುಪ್‌ನಿಂದಲೋ ನಮ್ಮ ಮಕ್ಕಳು ಅಪ್ಪನನ್ನು ಕರೆದುಕೊಂಡು ಮುಂಬೈಯ ಧೋಬಿ ತಲಾವ್ ಕಡೆ ಹೊರಡುತ್ತಾರೆ. 1865ರಲ್ಲಿ ಶುರುವಾದ ಫರ್ಟಾಡೋಸ್ ವಾದ್ಯದಂಗಡಿ ಇರುವುದು ಅಲ್ಲೇ, ಜೇರ್ ಮಹಲ್ ಕಟ್ಟಡದಲ್ಲಿ. ಅಂಗಡಿ ಯಾವುದೇ ಆಗಲಿ, ಕಥೆ ಒಂದೇ. ಬಜೆಟ್ ಹೇಳಿದ ಕೂಡಲೇ ಎರಡು ಸೆಟ್ ಎದುರಿಗೆ ಬರುತ್ತವೆ. ಅಪ್ಪ ಒಂದು ಸುತ್ತು ಹಾಕಿ, "ಎರಡೂ ಒಂದೇ ಥರ ಇದೆಯಲ್ಲ ಮಗಾ, ಕಡಿಮೆ ರೇಟಿಂದು ತಗೋ" ಅನ್ನುತ್ತಾರೆ. ಮಗ ಮಾತ್ರ ಬರ್ಚ್ ಮರವೋ ಮೇಪಲ್ ಮರವೋ ಎಂದು ರಾತ್ರಿಯೆಲ್ಲ ವಿಡಿಯೊ ನೋಡಿಕೊಂಡು ಬಂದಿರುತ್ತಾನೆ.

ಉದಾಹರಣೆಗೆ ಯಮಹಾ ಸ್ಟೇಜ್ ಕಸ್ಟಮ್ ಬರ್ಚ್ ಮತ್ತು ಟಾಮಾ ಸೂಪರ್‌ಸ್ಟಾರ್ ಕ್ಲಾಸಿಕ್ ತೆಗೆದುಕೊಳ್ಳಿ. ಮೊದಲನೆಯದು ಪೂರ್ತಿ ಬರ್ಚ್, ಎರಡನೆಯದು ಪೂರ್ತಿ ಮೇಪಲ್. ಎರಡೂ ಮಧ್ಯಮ ದರ್ಜೆಯ ಒಳ್ಳೆಯ ಸೆಟ್‌ಗಳು, ಎರಡಕ್ಕೂ ಅಭಿಮಾನಿಗಳಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ದರ್ಜೆಯಲ್ಲಿ ಮರ ನೋಡಿ ಆರಿಸುವುದು ಕೊನೆಯ ಕೆಲಸ. ಅಳತೆ, ಹಾರ್ಡ್‌ವೇರ್ (ಸ್ಟ್ಯಾಂಡ್, ಹೋಲ್ಡರ್, ಸ್ಕ್ರೂ), ಪೆಟ್ಟಿಗೆಯಲ್ಲಿ ಏನೇನು ಬರುತ್ತದೆ, ನೀವು ಎಲ್ಲಿ ನುಡಿಸುತ್ತೀರಿ, ಈ ನಾಲ್ಕು ಅದಕ್ಕಿಂತ ಮುಂಚೆ ಬರಬೇಕು. ಮುಂಬೈಯಲ್ಲಂತೂ ಖಂಡಿತ.

ಮೊದಲು: ಬದಲಾಗಬೇಕಾದದ್ದು ಡ್ರಮ್ಮೇನಾ?

ಹಳೆಯ ಸೆಟ್ಟಿನ ಜೊತೆ ಬಂದ ಸಿಂಬಲ್‌ಗಳನ್ನೇ (ಲೋಹದ ತಟ್ಟೆಗಳನ್ನೇ) ಇನ್ನೂ ಬಾರಿಸುತ್ತಿದ್ದರೆ ಇಲ್ಲೇ ಸ್ವಲ್ಪ ನಿಲ್ಲಿ. ಅವು ಸಾಮಾನ್ಯವಾಗಿ ಹಿತ್ತಾಳೆಯವು. ಒಳ್ಳೆಯ ಸಿಂಬಲ್ ಕಂಚಿನದು. ಬಿ20 ಎಂದರೆ ನೂರರಲ್ಲಿ 80 ಪಾಲು ತಾಮ್ರ, 20 ಪಾಲು ತವರ. ಬಿ8 ಎಂದರೆ 92ಕ್ಕೆ 8. ಒಂದು ಹಾಡಿನಲ್ಲಿ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್), ಸ್ನೇರ್ (ಕೆಳಗೆ ತಂತಿಗಳಿರುವ ಡ್ರಮ್), ಕಿಕ್ (ಪೆಡಲ್ ತುಳಿದು ಬಾರಿಸುವ ದೊಡ್ಡ ಡ್ರಮ್) ಮೂರೇ ಮುಕ್ಕಾಲು ಪಾಲು ಕೆಲಸ ಮಾಡುತ್ತವೆ, ಅಲ್ವಾ? ಟಾಮ್ ಮುಟ್ಟುವುದು ಎಲ್ಲೋ ಆಗೊಮ್ಮೆ ಈಗೊಮ್ಮೆ. ಹಾಗಿರುವಾಗ ಹೊಸ ಶೆಲ್‌ಗಳ (ಡ್ರಮ್ಮಿನ ಮರದ ಮೈಗಳ) ಮೇಲೆ ಹಿತ್ತಾಳೆ ಹೈ-ಹ್ಯಾಟ್ ಇಟ್ಟುಕೊಂಡರೆ ಕೇಳುವವರಿಗೆ ಹಳೆಯ ಸೆಟ್ಟೇ ಕೇಳಿಸುತ್ತದೆ. ದುಡ್ಡು ಒಂದಕ್ಕೇ ಸಾಲುವುದಾದರೆ ಈ ವರ್ಷ ಹೈ-ಹ್ಯಾಟ್ ಮತ್ತು ರೈಡ್ ಸಿಂಬಲ್ ಕೊಳ್ಳಿ, ಹಳೆಯ ಡ್ರಮ್ಮಿಗೆ ಹೊಸ ಹೆಡ್ (ಬಿಗಿದು ಕಟ್ಟುವ ಹೊದಿಕೆ) ಹಾಕಿಸಿ. ಸೆಟ್ ಮುಂದಿನ ವರ್ಷ ನೋಡೋಣ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಟ್ರಿನಿಟಿ, ರಾಕ್‌ಸ್ಕೂಲ್ ಸಂಸ್ಥೆಗಳ ಸಂಗೀತ ಗ್ರೇಡ್ ಪರೀಕ್ಷೆಗೆಂದು ದೊಡ್ಡ ಸೆಟ್ ಕೊಳ್ಳಬೇಕಿಲ್ಲ. ಕೇಂದ್ರಕ್ಕೆ ಹೋಗಿ ಕೊಡುವ ಪರೀಕ್ಷೆ ಅಲ್ಲಿರುವ ಸೆಟ್ ಮೇಲೇ ನಡೆಯುತ್ತದೆ.

ಬೆಲೆ ಪಟ್ಟಿಯಲ್ಲಿ ಏನು ಸೇರಿದೆ, ಏನು ಸೇರಿಲ್ಲ

ಮಧ್ಯಮ ದರ್ಜೆಯ ಸೆಟ್‌ಗಳು ಹೆಚ್ಚಾಗಿ ಶೆಲ್ ಪ್ಯಾಕ್ ಎಂಬ ಹೆಸರಲ್ಲಿ ಬರುತ್ತವೆ. ಅಂದರೆ ಬರೀ ಡ್ರಮ್‌ಗಳು. ಸಿಂಬಲ್ ಇಲ್ಲ, ಸ್ಟ್ಯಾಂಡ್ ಇಲ್ಲ, ಪೆಡಲ್ ಇಲ್ಲ, ಕೂರುವ ಸ್ಟೂಲೂ ಇಲ್ಲ. ಕೆಲವದರಲ್ಲಿ ಸ್ನೇರ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಒಂದು ಸೆಟ್ ಹತ್ತು ಸಾವಿರ ಕಡಿಮೆ ಎಂದು ಕಂಡರೆ ಖುಷಿಪಡುವ ಮೊದಲು ಒಂದು ಕಾಗದದಲ್ಲಿ ಎರಡು ಸಾಲು ಬರೆದುಕೊಳ್ಳಿ. ಸ್ನೇರ್, ಟಾಮ್ ಹೋಲ್ಡರ್, ಹೈ-ಹ್ಯಾಟ್ ಸ್ಟ್ಯಾಂಡ್, ಎರಡು ಸಿಂಬಲ್ ಸ್ಟ್ಯಾಂಡ್, ಸ್ನೇರ್ ಸ್ಟ್ಯಾಂಡ್, ಪೆಡಲ್, ಸ್ಟೂಲ್. ಇಲ್ಲದ್ದರ ಎದುರು ಬೆಲೆ ಬರೆದು ಕೂಡಿಸಿ. ಎಷ್ಟೋ ಸಲ ಅಗ್ಗದ ಸೆಟ್ ದುಬಾರಿಯಾಗುವುದು ಇಲ್ಲೇ.

ನಿಮ್ಮ ಹತ್ತಿರ ಈಗಾಗಲೇ ಒಳ್ಳೆಯ ಸ್ನೇರ್ ಇದ್ದರೆ ಸ್ನೇರ್ ಇಲ್ಲದ ಪ್ಯಾಕ್ ಕೇಳಿ. ಸುಮ್ನೆ ಇನ್ನೊಂದು ಡ್ರಮ್ ಮಂಚದ ಕೆಳಗೆ ಯಾಕೆ?

ಅಳತೆ: ಟೇಪ್ ಹಿಡಿದುಕೊಂಡೇ ಹೋಗಿ

ಈಗ ಸಾಮಾನ್ಯವಾಗಿ ಎರಡು ಬಗೆಯ ಅಳತೆ ಸಿಗುತ್ತವೆ. 10, 12 ಇಂಚಿನ ಟಾಮ್‌ಗಳು, 14 ಅಥವಾ 16ರ ಫ್ಲೋರ್ ಟಾಮ್ ಇರುವುದು ಫ್ಯೂಶನ್. 12, 13, 16 ಇರುವುದು ಹಳೆಯ ರಾಕ್ ಅಳತೆ. ಕಿಕ್ 20 ಅಥವಾ 22 ಇಂಚು. ಎರಡಿಂಚಿನ ವ್ಯತ್ಯಾಸ ಕೇಳಲು ಸಣ್ಣದು, ಹೊರಲು ಶುರುಮಾಡಿದಾಗ ದೊಡ್ಡದು.

ಟ್ಯಾಕ್ಸಿಯನ್ನೇ ನೋಡಿ. ಈಗ ಮುಂಬೈ ಟ್ಯಾಕ್ಸಿಗಳ ಡಿಕ್ಕಿ ತೆಗೆದರೆ ಮೊದಲು ಕಾಣುವುದು ಸಿಎನ್‌ಜಿ ಸಿಲಿಂಡರ್. ಉಳಿದ ಜಾಗದಲ್ಲಿ ಸ್ಟ್ಯಾಂಡಿನ ಚೀಲ ಹಿಡಿಸಿದರೆ ಪುಣ್ಯ. ಕಿಕ್ ಡ್ರಮ್ ಹಿಂದಿನ ಸೀಟಿಗೇ ಹೋಗಬೇಕು. 22 ಇಂಚು ಅನ್ನುವುದು ಶೆಲ್ಲಿನ ಅಡ್ಡಗಲ ಮಾತ್ರ. ಹೂಪ್ (ಹೆಡ್ ಬಿಗಿಹಿಡಿಯುವ ಬಳೆ), ಅದನ್ನು ಹಿಡಿಯುವ ಕೊಕ್ಕೆ, ಮೇಲೆ ಚೀಲ, ಎಲ್ಲ ಸೇರಿದರೆ ಇನ್ನೂ ಎರಡು ಮೂರು ಇಂಚು ಜಾಸ್ತಿ. ಬಾಗಿಲಲ್ಲಿ ತೂರಿಸುವಾಗ ಹೂಪಿನ ಬಣ್ಣ ಕೆತ್ತಿಹೋಗುವುದು ಇಲ್ಲೇ. 20 ಇಂಚಿನದು ಓರೆ ಮಾಡಿದರೆ ಸಲೀಸಾಗಿ ಕೂರುತ್ತದೆ. ಹಿಂದೆ ಪದ್ಮಿನಿ ಟ್ಯಾಕ್ಸಿಯ ತಲೆಯ ಮೇಲೆ ಕ್ಯಾರಿಯರ್ ಇರುತ್ತಿತ್ತು, ಹಗ್ಗ ಕಟ್ಟಿದರೆ ಆಯಿತು. ಆ ಕಾಲ 2023ಕ್ಕೆ ಮುಗಿಯಿತು. ಛೋಟಾ ಹಾಥಿ (ಟಾಟಾ ಏಸ್ ಪುಟ್ಟ ಟೆಂಪೊ) ಕರೆಸಿದರೆ ಯಾವ ಅಳತೆಯದೂ ಹೋಗುತ್ತದೆ, ಆದರೆ ಪ್ರತಿ ಕಾರ್ಯಕ್ರಮಕ್ಕೂ ಅದರ ಬಾಡಿಗೆ ಕೊಟ್ಟರೆ ಕೈಗೆ ಏನುಳಿಯಿತು?

ಅದಕ್ಕೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಸೆಟ್ ವರ್ಷಕ್ಕೆ ಎಷ್ಟು ಸಲ ಮನೆಯಿಂದ ಹೊರಗೆ ಹೋಗುತ್ತದೆ? ಮಾಟುಂಗಾದ ಮೈಸೂರು ಅಸೋಸಿಯೇಷನ್ ಇರಲಿ, ಕುರ್ಲಾದ ಬಂಟರ ಭವನ ಇರಲಿ, ದೊಡ್ಡ ಕಾರ್ಯಕ್ರಮವಾದರೆ ಸೌಂಡ್‌ನವರೇ ಬಾಡಿಗೆ ಸೆಟ್ ತರುವುದುಂಟು. ನೀವು ಸ್ನೇರ್, ಸಿಂಬಲ್, ಪೆಡಲ್ ಹಿಡಿದುಕೊಂಡು ಹೋದರೆ ಸಾಕು. ಸೆಟ್ ಮನೆಯಲ್ಲೇ ಇರುವುದಾದರೆ ಲಿಫ್ಟಿನ ಬಾಗಿಲು ಮತ್ತು ಕೋಣೆಯ ಮೂಲೆ ಅಳೆಯಿರಿ. ಚಿಕ್ಕ ಕೋಣೆಯಲ್ಲಿ 22 ಇಂಚಿನ ಕಿಕ್ ಬರೀ ಗುಂಯ್‌ಗುಟ್ಟುತ್ತದೆ.

ಮನೆಯಲ್ಲಿ ಪೂರ್ತಿ ಸದ್ದಿನಲ್ಲಿ ನುಡಿಸಲು ಸೊಸೈಟಿ ಬಿಡುತ್ತದೆಯೇ ಎಂಬುದು ಇನ್ನೂ ದೊಡ್ಡ ಪ್ರಶ್ನೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಸ್ನೇರ್ ಒಂದೇ ಏಟಿಗೆ ಇದನ್ನು ದಾಟುತ್ತದೆ. ಹಾಗಾಗಿ ಫ್ಲ್ಯಾಟಿನಲ್ಲಿರುವವರು ಬಲೆಯಂಥ ಮೆಶ್ ಹೆಡ್ ಹಾಕಿ, ಸದ್ದು ಕಡಿಮೆ ಮಾಡುವ ತೂತಿನ ಸಿಂಬಲ್ ಇಟ್ಟು ಅಭ್ಯಾಸ ಮಾಡುತ್ತಾರೆ. ಹಾಗೆ ಮಾಡುವುದಾದರೆ ಮನೆಯ ಮಟ್ಟಿಗೆ ಬರ್ಚ್ ಮೇಪಲ್ ಜಗಳ ಅಲ್ಲಿಗೇ ಮುಗಿಯಿತು. ಬಲೆಯ ಮೇಲೆ ಹೊಡೆದರೆ ಯಾವ ಮರವೂ ಮಾತಾಡುವುದಿಲ್ಲ.

ಮರದ ವಿಷಯ, ಚುಟುಕಾಗಿ

ಬರ್ಚ್‌ನ ಏಟು ಚುರುಕು, ನಾದ ಬೇಗ ನಿಲ್ಲುತ್ತದೆ, ನಡುವಿನ ಸ್ವರಗಳು ಸ್ವಲ್ಪ ಹಿಂದೆ ಸರಿಯುತ್ತವೆ. ಮೈಕ್ ಹಾಕಿದಾಗ ಇದು ಅನುಕೂಲ. ಅಮೆರಿಕದ ಡ್ರಮ್ಮರ್ ಸ್ಟೀವ್ ಗ್ಯಾಡ್ ಅಂಥವರು ಯಮಹಾದ ರೆಕಾರ್ಡಿಂಗ್ ಕಸ್ಟಮ್ ಎಂಬ ಬರ್ಚ್ ಸೆಟ್ ನುಡಿಸಿ ಆ ಮರಕ್ಕೆ ಸ್ಟುಡಿಯೊಗಳಲ್ಲಿ ಹೆಸರು ತಂದರು. ಮೇಪಲ್ ಸ್ವಲ್ಪ ಬೆಚ್ಚಗೆ, ಮಂದ್ರ ತುಂಬಿಕೊಂಡು, ಜಾಸ್ತಿ ಹೊತ್ತು ಉಳಿಯುತ್ತದೆ. ಪಾಪ್ಲರ್ ಅಗ್ಗದ ಮರ, ಹಾಗಂತ ಕೆಟ್ಟದ್ದಲ್ಲ. 1982ರಲ್ಲಿ ಬಂದ ಪರ್ಲ್ ಎಕ್ಸ್‌ಪೋರ್ಟ್ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಸೆಟ್‌ಗಳಲ್ಲಿ ಒಂದು. ಅದರ ಈಗಿನ ಶೆಲ್‌ಗಳು ಪಾಪ್ಲರ್ ಮತ್ತು ಏಷ್ಯನ್ ಮಹಾಗನಿ ಸೇರಿಸಿ ಮಾಡಿದವು. ಇಷ್ಟು ಗೊತ್ತಿದ್ದರೆ ಸಾಕು.

ಕೇಳುವುದು ಹೇಗೆ

ಅಂಗಡಿಯಲ್ಲಿ ಎರಡು ಸೆಟ್ ಪಕ್ಕಪಕ್ಕದಲ್ಲಿಟ್ಟು ಹೊಡೆದು ನೋಡಿದರೆ ಗೊತ್ತಾಗುವುದು ಯಾವ ಮರ ಒಳ್ಳೆಯದು ಎಂದಲ್ಲ, ಯಾವುದನ್ನು ಯಾರೋ ಚೆನ್ನಾಗಿ ಟ್ಯೂನ್ ಮಾಡಿದ್ದಾರೆ ಎಂದು. ಕಂಪನಿಯಿಂದ ಬರುವ ಹೆಡ್‌ಗಳು ಹೆಚ್ಚಾಗಿ ಸಾಧಾರಣ, ಅವೂ ಒಂದರದ್ದು ಇನ್ನೊಂದರ ಥರ ಇರುವುದಿಲ್ಲ. ಒಂದರಲ್ಲಿ ಒಂದೇ ಪದರದ ತೆಳು ಹೆಡ್, ಇನ್ನೊಂದರಲ್ಲಿ ಎರಡು ಪದರದ ದಪ್ಪ ಹೆಡ್ ಇದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ರೆಮೊ ಅಂಬಾಸಡರ್, ಇವಾನ್ಸ್ ಜಿ1 ಒಂದು ಪದರದವು, 10 ಮಿಲ್ ದಪ್ಪ (ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು). ಎಂಪರರ್, ಜಿ2 ಎರಡು ಪದರದವು, ಒಂದೊಂದು ಪದರ 7 ಮಿಲ್. ಮೊದಲನೆಯ ಜೋಡಿ ತೆರೆದು ಮೊಳಗುತ್ತದೆ. ಎರಡನೆಯದು ದಪ್ಪ, ಗಟ್ಟಿ, ಮೊಳಗು ಕಡಿಮೆ. ಮರ ಬದಲಾಯಿಸಿದರೆ ಆಗುವ ವ್ಯತ್ಯಾಸಕ್ಕಿಂತ ಇದು ಎಷ್ಟೋ ಹೆಚ್ಚು.

ಹಾಗಾಗಿ ಹೀಗೆ ಮಾಡಿ. ವಾರದ ದಿನ, ಅಂಗಡಿ ತೆರೆದ ಹೊತ್ತಿಗೆ ಹೋಗಿ. ಭಾನುವಾರ ಸಂಜೆ ಪಕ್ಕದಲ್ಲಿ ನಾಲ್ಕು ಜನ ಗಿಟಾರ್ ಹಚ್ಚಿಕೊಂಡು ಕೂತಿರುತ್ತಾರೆ, ಏನೂ ಕೇಳಿಸುವುದಿಲ್ಲ. ಇಡೀ ಸೆಟ್ ಬೇಡ, ಎರಡರಿಂದಲೂ 12 ಇಂಚಿನ ಟಾಮ್ ಒಂದೊಂದು ತೆಗೆಸಿ. ಟ್ಯೂನ್ ಮಾಡುವ ನಿಮ್ಮದೇ ಡ್ರಮ್ ಕೀ, ಸಾಧ್ಯವಾದರೆ ಒಂದು ಹೊಸ ಹೆಡ್ ಜೊತೆಗಿರಲಿ. ಅದೇ ಹೆಡ್ಡನ್ನು ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಹಾಕಿ. ಅಂಗಡಿಯವರು ಗೊಣಗಿದರೆ, ಕೊಳ್ಳುವುದು ಖಚಿತ, ಯಾವುದೆಂದು ಮಾತ್ರ ನೋಡಬೇಕು ಎಂದು ಹೇಳಿ. ಹೆಡ್ ಬಿಗಿಯುವ ರಾಡ್‌ಗಳನ್ನು ಮೊದಲು ಬೆರಳಲ್ಲೇ ಬಿಗಿ ಮಾಡಿ. ಆಮೇಲೆ ಎದುರುಬದುರಾಗಿ ಅರ್ಧರ್ಧ ಸುತ್ತು. ಪ್ರತಿ ರಾಡಿನಿಂದ ಒಂದಿಂಚು ಒಳಗೆ ಮೆಲ್ಲಗೆ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರುವ ತನಕ ಸರಿಮಾಡಿ. ಕೆಳಗಿನ ಹೆಡ್ಡನ್ನೂ ಹೀಗೇ ಮಾಡಬೇಕು. ಹೆಚ್ಚಿನವರು ಅದನ್ನು ಮರೆತೇಬಿಡುತ್ತಾರೆ.

ಈಗ ಗೆಳೆಯನ ಕೈಗೆ ಕೋಲು ಕೊಟ್ಟು ನೀವು ಹತ್ತು ಹೆಜ್ಜೆ ದೂರ ಬೆನ್ನು ಹಾಕಿ ನಿಲ್ಲಿ. ಡ್ರಮ್ಮಿನ ಹಿಂದೆ ಕೂತವನಿಗೆ ಕೇಳುವ ನಾದ ಬೇರೆ, ಸಭೆಗೆ ಕೇಳುವುದು ಬೇರೆ. ಯಾವುದು ಹೊಡೆಯುತ್ತಿದ್ದೇನೆ ಎಂದು ಅವನು ಹೇಳಬಾರದು. ಎರಡನ್ನೂ ಒಂದೇ ಬಲದಲ್ಲಿ ಹೊಡೆಯಬೇಕು, ಯಾಕೆಂದರೆ ಜೋರಾಗಿ ಕೇಳಿಸಿದ್ದೇ ನಮ್ಮ ಕಿವಿಗೆ ಚೆಂದ ಅನ್ನಿಸುತ್ತದೆ. ಹೀಗೆ ಬೆನ್ನು ಹಾಕಿ ನಿಂತಾಗ ಯಾವುದು ಯಾವುದೆಂದು ಹೇಳಲು ಬಹಳ ಜನರಿಗೆ ಆಗುವುದಿಲ್ಲ. ನಿಮಗೂ ಆಗದಿದ್ದರೆ ಒಳ್ಳೆಯದೇ ಆಯಿತು, ನಾದದ ತಲೆನೋವು ಬಿಟ್ಟು ಮುಂದಿನದಕ್ಕೆ ಹೋಗಿ.

ಅಂಚು ಮತ್ತು ಸ್ಕ್ರೂ

ಹೆಡ್ ತೆಗೆದಿರುವಾಗಲೇ ಶೆಲ್ಲಿನ ಅಂಚು ನೋಡಿಬಿಡಿ. ಹೆಡ್ ಕೂರುವುದು ಈ ಅಂಚಿನ ಮೇಲೆ. ಬೆರಳ ತುದಿಯನ್ನು ಅದರ ಮೇಲೆ ಒಂದು ಸುತ್ತು ಓಡಿಸಿ. ಎಲ್ಲೂ ತಗ್ಗು, ಚಕ್ಕೆ, ಅಂಟಿನ ಗಂಟು ಸಿಗಬಾರದು. ಆಮೇಲೆ ಶೆಲ್ಲನ್ನು ಅಂಗಡಿಯ ಗಾಜಿನ ಕೌಂಟರ್ ಮೇಲೆ ಬೋರಲಾಗಿ ಇಟ್ಟು, ಒಳಗೆ ಮೊಬೈಲಿನ ಟಾರ್ಚ್ ಹಚ್ಚಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ತನ್ನಿ. ಅಂಚಿನ ಕೆಳಗೆ ಬೆಳಕಿನ ಗೆರೆ ಕಂಡರೆ ಅಲ್ಲಿ ಅಂಚು ಸಮವಾಗಿಲ್ಲ ಎಂದರ್ಥ. ಅಂಥ ಡ್ರಮ್ಮನ್ನು ಎಷ್ಟು ಟ್ಯೂನ್ ಮಾಡಿದರೂ ಒಂದು ಮೂಲೆ ಕೊಸರುತ್ತಲೇ ಇರುತ್ತದೆ. ಹೆಡ್ಡನ್ನು ಸಡಿಲವಾಗಿ ಇಟ್ಟು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಶೆಲ್ ದುಂಡಗಿದೆ. ಅದೇ ಮಾಡೆಲ್, ಅದೇ ಬಣ್ಣ ಎಂದು ಗೋದಾಮಿನಿಂದ ಬೇರೆ ಪೆಟ್ಟಿಗೆ ಕಳಿಸುವುದಾದರೆ ಈ ಪರೀಕ್ಷೆಯನ್ನು ಆ ಪೆಟ್ಟಿಗೆಗೂ ಮಾಡಬೇಕು.

ಹಾರ್ಡ್‌ವೇರ್‌ಗೆ ನಾನು ಎಲ್ಲಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ. ಹಳೆಯ ಸೆಟ್ಟಿನ ಮೇಲೆ ನಿಮಗೆ ಬೇಸರ ಬಂದದ್ದೇ ಅದರಿಂದ ತಾನೇ? ಟಾಮನ್ನು ನಿಮಗೆ ಬೇಕಾದ ಎತ್ತರಕ್ಕೆ, ಓರೆಗೆ ಕಟ್ಟಿ, ಅಂಗೈಯಿಂದ ಕೆಳಗೆ ಒತ್ತಿ. ಜಾರಬಾರದು. ಒತ್ತಿ ಬಿಟ್ಟ ಮೇಲೆ ಅದೇ ಜಾಗಕ್ಕೆ ಬರಬೇಕು. ಯಮಹಾದ ಯೆಸ್ ಮೌಂಟ್, ಟಾಮಾದ ಸ್ಟಾರ್ ಮೌಂಟ್, ಎರಡೂ ಶೆಲ್ಲಿನ ಕಂಪನಕ್ಕೆ ಅಡ್ಡಿಯಾಗದಂತೆ ಹಿಡಿಯಲು ಮಾಡಿದವು, ಆದರೆ ಓರೆ ಹೊಂದಿಸುವ ರೀತಿ ಬೇರೆ ಬೇರೆ. ಕೂತು, ನಿಮ್ಮ ಕೈ ಎತ್ತರಕ್ಕೆ ಯಾವುದು ಬೇಗ ಹೊಂದುತ್ತದೆ ನೋಡಿ. ಕುಳ್ಳಗಿರುವವರಿಗೆ ಕೆಲವು ಹೋಲ್ಡರ್‌ಗಳಲ್ಲಿ 22 ಇಂಚಿನ ಕಿಕ್ ಮೇಲೆ ಟಾಮ್ ಬೇಕಾದಷ್ಟು ಕೆಳಗೆ ಬರುವುದೇ ಇಲ್ಲ. ಸ್ಟ್ಯಾಂಡಿನ ಪ್ರತಿ ಸ್ಕ್ರೂವನ್ನೂ ಪೂರ್ತಿ ಬಿಚ್ಚಿ ಮತ್ತೆ ಹಾಕಿ. ಸ್ಕ್ರೂವಿನ ಸುರುಳಿ ಸವೆದಿದ್ದರೆ ಆಗಲೇ ಗೊತ್ತಾಗುತ್ತದೆ. ಒಂದು ಲಗ್ (ರಾಡ್ ಕೂರುವ ಕೊಂಡಿ) ಮುರಿದರೆ, ಒಂದು ರಾಡ್ ಕಳೆದರೆ ಇಲ್ಲೇ ಸಿಗುತ್ತದೆಯೇ, ಎಷ್ಟು ದಿನಕ್ಕೆ, ಅದನ್ನೂ ಕೇಳಿಬಿಡಿ. ಬಿಡಿಭಾಗ ಸುಲಭವಾಗಿ ಸಿಗುವ ಸೆಟ್ಟಿಗೆ ನಾನು ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ ಅನ್ನುತ್ತೇನೆ.

ಸಮುದ್ರದ ಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆ ಕ್ರೋಮಿಗೆ ಶತ್ರು. ಮೊದಲು ಸಣ್ಣ ಚುಕ್ಕೆ ಬರುತ್ತದೆ, ಆಮೇಲೆ ಹರಡುತ್ತದೆ. ಶೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತ ಸೆಟ್ಟಾದರೆ ಹೂಪಿನ ಒಳಮಗ್ಗುಲು, ಲಗ್‌ಗಳ ಸಂದು ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೂ ಚೆನ್ನಾಗಿ ನೋಡಬೇಕು. ಶೆಲ್ಲಿನ ಒಳಗೆ ಮೂಗಿಟ್ಟು ಮುಗ್ಗಲು ವಾಸನೆ ಇದೆಯೇ ಎಂದೂ ನೋಡಿ, ನಾಚಿಕೊಳ್ಳಬೇಡಿ.

ಇಷ್ಟಾದ ಮೇಲೂ ಎರಡೂ ಸಮ ಸಮ ಅನ್ನಿಸಿದರೆ ಕಡಿಮೆ ಬೆಲೆಯದ್ದನ್ನು ತೆಗೆದುಕೊಳ್ಳಿ. ಅಪ್ಪ ಹೇಳಿದ್ದೇ ಸರಿ ಎಂದಾಯಿತು. ಉಳಿದ ದುಡ್ಡಿನಲ್ಲಿ ಎಲ್ಲ ಡ್ರಮ್ಮಿಗೂ ಒಳ್ಳೆಯ ಹೆಡ್, ಕಿಕ್ಕಿಗೊಂದು ದಪ್ಪ ಚೀಲ ಬರುತ್ತದೆ. ಮುಂದೆ ಇನ್ನೊಂದು ಫ್ಲೋರ್ ಟಾಮ್ ಸೇರಿಸುವ ಯೋಚನೆ ಇದ್ದರೆ ಅದನ್ನು ಈಗಲೇ ಆರ್ಡರ್ ಮಾಡಿ, ಬಣ್ಣಗಳು ವರ್ಷ ವರ್ಷ ನಿಂತುಹೋಗುತ್ತವೆ. ಬಿಲ್ಲಿನಲ್ಲಿ ಮಾಡೆಲ್ ಹೆಸರು, ಬಣ್ಣ, ಅಳತೆ ಮೂರನ್ನೂ ಬರೆಸಿಕೊಳ್ಳಿ. ಮನೆಗೆ ಬಂದ ಪೆಟ್ಟಿಗೆಗಳನ್ನು ತಂದವರ ಎದುರಿಗೇ ತೆರೆದು ರಾಡ್, ಕಾಲು, ಕೊಕ್ಕೆ ಎಲ್ಲ ಎಣಿಸಿ, ಆಮೇಲೆ ಸಹಿ ಹಾಕಿ.